ಒಪ್ಪಿಗೆ ಇಲ್ಲ ರಿ

ಸೀಟು ಕೊಟ್ಟಿದ್ದೇವೆ, ಫೆಲೋಶಿಪ್ ಇಲ್ಲ. ಹೈದರಾಬಾದಿನ ವಿಶ್ವವಿದ್ಯಾಲಯದಿಂದ ಬಂದ ಇಮೇಲಿನ ಸಾರ ಇಷ್ಟೇ. ಆಗ ನಾನು ಕೊಟ್ಟೂರಿನ ಒಂದು ಖಾಸಗಿ ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡುತ್ತಿದ್ದೆ. ಒಂಬತ್ತನೇ ಕ್ಲಾಸಿಗೆ ಸಂಧಿ ಹೇಳಿಕೊಟ್ಟು ಸ್ಟಾಫ್‌ರೂಮಿಗೆ ಬಂದು ಫೋನು ನೋಡಿದರೆ ಅದು ಬಂದು ಕೂತಿತ್ತು. ಭಾಷಾವಿಜ್ಞಾನದಲ್ಲಿ ಪಿಎಚ್‌ಡಿ. ಹಡಗಲಿಯಿಂದ ಹರಪನಹಳ್ಳಿ ಕಡೆಗೆ ಊರು ದಾಟಿದ ಹಾಗೆಲ್ಲ ಜನರ ಮಾತು ಹೇಗೆ ತಿರುಗುತ್ತದೆ, 'ಐತಿ' ಎಲ್ಲಿ ನಿಂತು 'ಐತೆ' ಎಲ್ಲಿ ಶುರುವಾಗುತ್ತದೆ ಅನ್ನುವುದು ನಾನು ಬರೆದು ಕಳಿಸಿದ್ದ ವಿಷಯ. ವಿಷಯ ಅವರಿಗೆ ಹಿಡಿಸಿತ್ತು. ದುಡ್ಡು ಮಾತ್ರ ಈ ವರ್ಷ ಇಲ್ಲ, ಮುಂದೆ ಸಿಗಬಹುದು, ಖಾತ್ರಿ ಹೇಳಲಾಗದು, ಹದಿನೈದು ದಿನದೊಳಗೆ ಒಪ್ಪಿಗೆ ತಿಳಿಸಿ ಅಂತಿತ್ತು.

ಗೈಡ್ ಆಗಬೇಕಾದ ಮೇಡಂಗೆ ಫೋನು ಮಾಡಿದೆ. ಅವರು ಸುತ್ತಿ ಬಳಸಿ ಮಾತಾಡಲಿಲ್ಲ. "ಬನ್ನಿ ಅಂತ ಒತ್ತಾಯ ಮಾಡೋ ಧೈರ್ಯ ನನಗಿಲ್ಲ. ಮೊದಲ ವರ್ಷ ನಿಮ್ಮ ಹೊಟ್ಟೆ ನೀವೇ ನೋಡಿಕೊಳ್ಳಬೇಕು. ಯೋಚನೆ ಮಾಡಿ" ಅಂದರು. ಯೋಚನೆ ಮಾಡಿದೆ. ನಮ್ಮ ಹೆಡ್‌ಮಾಸ್ಟರು, ಹೋದರೆ ಈ ಕೆಲಸ ನಿಮಗಾಗಿ ಕಾಯುವುದಿಲ್ಲ ಅಂದರು. ಬೇಡ ಅಂತ ಬರೆದುಬಿಡೋಣ ಅನ್ನುವ ಮಟ್ಟಕ್ಕೆ ಬಂದಿದ್ದೆ. ಬರೆಯುವ ಮುಂಚೆ ಒಂದು ಸಲ ಅಣ್ಣನನ್ನು ಕೇಳಬೇಕು ಅನ್ನಿಸಿತು. ಕೇಳಲು ಮನಸ್ಸು ಮಾತ್ರ ಬರುತ್ತಿರಲಿಲ್ಲ.

ಯಾಕೆ ಅಂತ ಹೇಳುತ್ತೇನೆ. ಡಿಗ್ರಿ ಮುಗಿದ ವರ್ಷ ಎಂಎ ಪ್ರವೇಶ ಪರೀಕ್ಷೆ ಹೊಸಪೇಟೆಯಲ್ಲಿತ್ತು. ನಮ್ಮೂರು ತೆಲಿಗಿ. ಅಲ್ಲಿಂದ ಮೊದಲ ಬಸ್ಸು ಹಿಡಿದರೂ ಹೊತ್ತಿಗೆ ಮುಟ್ಟುವ ಹಾಗಿರಲಿಲ್ಲ. "ನಾನು ಬೈಕಿನಾಗ ಬಿಡ್ತೀನಿ, ನೀ ಆರಾಮಿರು" ಅಂದಿದ್ದ ಅಣ್ಣ. ಬೆಳಿಗ್ಗೆ ಎದ್ದು ತಲೆ ಬಾಚಿಕೊಂಡು ಹೊರಗೆ ಬಂದರೆ ಬೈಕೂ ಇಲ್ಲ, ಅವನೂ ಇಲ್ಲ. ಗೆಳೆಯರು ಕರೆದರು ಅಂತ ಕತ್ತಲಲ್ಲೇ ಎದ್ದು ಮೈಲಾರಕ್ಕೆ ಹೋಗಿದ್ದ. ಎರಡು ಬಸ್ಸು ಬದಲಾಯಿಸಿ ನಾನು ಹೊಸಪೇಟೆ ಮುಟ್ಟಿದಾಗ ಕಾಲೇಜಿನ ಗೇಟು ಹಾಕಿತ್ತು. ವಾಚ್‌ಮನ್ನು ಸರಳಿನ ಹಿಂದೆ ನಿಂತು ನನ್ನ ಹಾಲ್‌ಟಿಕೆಟ್ಟನ್ನು ನೋಡಲೂ ಇಲ್ಲ. ಒಂದು ವರ್ಷ ಹೋಯಿತು. ಮುಂದಿನ ವರ್ಷ ಯಾರನ್ನೂ ನಂಬದೆ ಹಿಂದಿನ ದಿನವೇ ಹೋಗಿ ಗೆಳತಿಯ ಮನೆಯಲ್ಲಿ ಉಳಿದು ಬರೆದೆ.

ವರ್ಷ ಹೋದದ್ದನ್ನು ಮರೆಯುತ್ತಿದ್ದೆನೇನೋ. ಆದರೆ ಅಣ್ಣ ಅದನ್ನೊಂದು ನಗೆಮಾತು ಮಾಡಿಕೊಂಡ. ಯಾವ ಮದುವೆಗೆ ಹೋದರೂ ಊಟದ ಪಂಕ್ತಿಯಲ್ಲಿ ಅದನ್ನು ತೆಗೆಯುತ್ತಿದ್ದ. "ಅವತ್ತು ನಾನು ಮೈಲಾರಕ್ಕ ಹೋಗದಿದ್ರ ನಮ್ ತಂಗಿ ಇಷ್ಟೊತ್ತಿಗೆ ಪ್ರೊಫೆಸರ್ ಆಗಿಬಿಡ್ತಿದ್ಲು, ನಾವ್ಯಾರೂ ಕಣ್ಣಿಗೆ ಕಾಣ್ತಿದ್ದಿಲ್ಲ!" ಜನ ನಗುತ್ತಿದ್ದರು. ಎಲೆ ಮೇಲೆ ಅನ್ನ ಕಲಸುತ್ತ ನಾನೂ ನಕ್ಕಂತೆ ಮಾಡುತ್ತಿದ್ದೆ. ಆ ನಗು ಪ್ರತಿ ಸಲವೂ ನನ್ನೊಳಗೆ ಎಲ್ಲೋ ಹೋಗಿ ಕೂಡುತ್ತಿತ್ತು.

ಭಾನುವಾರ ತೆಲಿಗಿಗೆ ಹೋದೆ. ಅಣ್ಣ ಪಡಸಾಲೆಯಲ್ಲಿ ಫೋನು ನೋಡುತ್ತ ಕೂತಿದ್ದ. ಅವ್ವ ಗೋಡೆಗೆ ಒರಗಿ ಕಾಲು ನೀಡಿಕೊಂಡಿದ್ದಳು. ಅತ್ತಿಗೆ ಒಗ್ಗರಣೆ ಮಂಡಕ್ಕಿ ತಂದಿಟ್ಟು ಬಾಗಿಲ ಹತ್ತಿರ ನಿಂತಳು. ಸೀಟಿನ ವಿಷಯ ಹೇಳಿದೆ.

"ಒಂದು ವರ್ಷ ಕೈ ಹಿಡಿ ಅಣ್ಣ, ಆಮ್ಯಾಲ ನಾನು ನೋಡ್ಕಂತೀನಿ."

"ಅವರೇನು ಕೊಡ್ತಾರ?"

"ಈ ವರ್ಷ ಏನೂ ಇಲ್ಲ."

ಅವನು ಫೋನು ಕೆಳಗಿಟ್ಟು ನಕ್ಕ. "ಇರೋ ನೌಕರಿ ಬಿಟ್ಟು ಕೈಲಿಂದ ರೊಕ್ಕ ಹಾಕಿ ಓದ್ತೀಯ? ಶಾಣ್ಯಾರಿಗೆ ಅವರೇ ರೊಕ್ಕ ಕೊಟ್ಟು ಕರೀತಾರ. ನಿನಗ ಕೊಡವಲ್ರು ಅಂದ್ರ ತಿಳ್ಕ, ನಿನ್ ಯೋಗ್ಯತಿ ಎಷ್ಟೈತಿ ಅಂತ. ಅದೂ ಏನು ಓದಾಕ? ನಾವು ಮಾತಾಡಾದನ್ನ ನಮಗೇ ಹೇಳಾಕ?"

"ಹೋಗ್ಲಿ ಬಿಡು" ಅಂದಳು ಅವ್ವ. ಯಾರಿಗೆ ಅಂದಳೋ ತಿಳಿಯಲಿಲ್ಲ.

ನಾನು ಎದ್ದು ಚಪ್ಪಲಿ ಮೆಟ್ಟುತ್ತಿದ್ದಾಗ ಅಣ್ಣ ಹಿಂದಿನಿಂದ ಕೂಗಿ ಹೇಳಿದ. "ಬುಧವಾರ ಹರಪನಹಳ್ಳಿ ರಿಜಿಸ್ಟ್ರಾರ್ ಆಫೀಸಿಗೆ ಬಾ. ಆಧಾರ್ ಕಾರ್ಡ್ ತಗಂಬಾ. ರೋಡಿನ ಹೊಲ ಮಾರಾಕತ್ತೀನಿ, ನಿಂದೊಂದು ಸಹಿ ಬೇಕು."

ಅಪ್ಪ ತೀರಿದ ಮೇಲೆ ಆ ಹೊಲದ ಪಹಣಿಯಲ್ಲಿ ಅವ್ವನದು, ಅಣ್ಣನದು, ನನ್ನದು ಮೂರೂ ಹೆಸರು ಸೇರಿದ್ದವು. ದಾವಣಗೆರೆಯ ಒಬ್ಬ ಸಾಹುಕಾರ ಅಲ್ಲಿ ಲೇಔಟ್ ಮಾಡಲು ಕೇಳಿದ್ದ. ವ್ಯಾಪಾರ ಕುದುರಿದ್ದು, ಅಡ್ವಾನ್ಸ್ ಬಂದದ್ದು, ಅದರಲ್ಲಿ ಅಣ್ಣ ಕಾರು ತಂದದ್ದು ಎಲ್ಲ ಊರಿಗೇ ಗೊತ್ತಿತ್ತು. ನನಗೆ ಅವತ್ತು ಗೊತ್ತಾಯಿತು.

"ಹೂಂ, ಬರ್ತೀನಿ" ಅಂದೆ.

ಆಗಲೇ ಪಾಲು ಕೇಳಬಹುದಿತ್ತು. ಕೇಳಿದ್ದರೆ ಮನೆಯೊಳಗೇ ಜಗಳವಾಗಿ, ಅವ್ವ ಅತ್ತು, ನಾನೇ ಸೋತು ಎಲ್ಲ ಮುಚ್ಚಿಹೋಗುತ್ತಿತ್ತು. ನನಗೆ ಅದು ಬೇಕಿರಲಿಲ್ಲ. ಅವನು ಇಸ್ತ್ರಿ ಅಂಗಿ ಹಾಕಿಕೊಂಡು, ಗೆಳೆಯರನ್ನು ಕಾರಿನಲ್ಲಿ ಕೂರಿಸಿಕೊಂಡು ಬರಲಿ ಅಂತ ಕಾದೆ. ಆ ನಡುವಿನ ದಿನಗಳಲ್ಲಿ ನಾನು ಪಾಠ ಎಷ್ಟು ಚೆನ್ನಾಗಿ ಮಾಡಿದೆನೆಂದರೆ, ಟೀಚರ್‌ಗೆ ಏನೋ ಶುಭಕಾರ್ಯ ಇರಬೇಕು ಅಂತ ಹುಡುಗಿಯರು ತಮ್ಮತಮ್ಮಲ್ಲೇ ಮಾತಾಡಿಕೊಂಡರಂತೆ.

ಬುಧವಾರ ಅವನು ಹಾಗೆಯೇ ಬಂದ. ಮೈಲಾರಕ್ಕೆ ಹೋದ ಗೆಳೆಯರಲ್ಲಿ ಒಬ್ಬ ಸಾಕ್ಷಿ ಹಾಕಲು ಬಂದಿದ್ದ. ಸಾಹುಕಾರ ಕೈಮುಗಿದು, "ಕೆಲಸ ಆದ ಮ್ಯಾಲ ಎಲ್ಲರೂ ಊಟಕ್ಕ ಬರ್ಬೇಕು" ಅಂದ. ಪತ್ರ ಬರೆಯುವವನು ಕಾಗದ ಕೈಗೆ ಕೊಟ್ಟ. ಸ್ವಂತ ಖುಷಿಯಿಂದ, ಯಾರ ಒತ್ತಾಯವೂ ಇಲ್ಲದೆ ನಾನು ನನ್ನ ಹಕ್ಕು ಬಿಟ್ಟುಕೊಟ್ಟಿದ್ದೇನೆ ಅಂತ ಅದರಲ್ಲಿತ್ತು. ಅವ್ವ ಆಗಲೇ ಸಹಿ ಹಾಕಿ ಬೆಂಚಿನ ಮೇಲೆ ಕೂತಿದ್ದಳು. ನನ್ನ ಸರದಿ ಬಂತು. ಕಂಪ್ಯೂಟರಿನ ಹಿಂದಿದ್ದ ಅಧಿಕಾರಿ ತಲೆ ಎತ್ತಿ ವಾಡಿಕೆಯ ಪ್ರಶ್ನೆ ಕೇಳಿದರು.

"ಓದೀರೇನಮ್ಮ? ಒಪ್ಪಿಗೆ ಐತಲ್ಲ?"

"ಓದೀನಿ ರಿ. ಒಪ್ಪಿಗೆ ಇಲ್ಲ ರಿ."

ಅವರು ಇನ್ನೊಮ್ಮೆ ಕೇಳಿದರು. ನಾನು ಇನ್ನೊಮ್ಮೆ, ಕ್ಲಾಸಿನ ಕೊನೆಯ ಬೆಂಚಿಗೂ ಕೇಳುವ ಧ್ವನಿಯಲ್ಲಿ ಹೇಳಿದೆ. ಹಿಂದೆ ಸಾಲಿನಲ್ಲಿದ್ದವರೆಲ್ಲ ಕತ್ತು ಚಾಚಿ ನೋಡಿದರು. ಸಾಹುಕಾರನ ಮುಖ ನೋಡುವ ಹಾಗಿತ್ತು, ಆದರೆ ನಾನು ನೋಡಿದ್ದು ಅಣ್ಣನ ಮುಖವನ್ನು. ಕಿವಿ ಕೆಂಪಾಗಿ, ಬಾಯಿ ತೆರೆದೇ ನಿಂತಿತ್ತು. ಇನ್ನೂ ಸ್ವಲ್ಪ ಹೊತ್ತು ಹೀಗೇ ಇರಲಿ ಅನ್ನಿಸಿತು ನನಗೆ.

ಹೊರಗೆ ಜೆರಾಕ್ಸ್ ಅಂಗಡಿಯ ಪಕ್ಕಕ್ಕೆ ಎಳೆದುಕೊಂಡು ಹೋದ. "ಏನ್ ಬೇಕಲೇ ನಿನಗ?"

"ನನ್ನ ಪಾಲು."

"ಮನ್ಯಾಗ ಹೇಳ್ಬೇಕಿತ್ತು. ನಾಕು ಮಂದ್ಯಾಗ ನನ್ ಮಾನ ಕಳದೆಲ್ಲ!"

"ಹೂಂ. ಅದಕ್ಕಂತಾನ ಇಲ್ಲಿತನ ಸುಮ್ನಿದ್ದೆ."

ಹೊಡೆಯಲು ಕೈ ಎತ್ತಿದ. ಗೆಳೆಯ ನಡುವೆ ಬಂದ. ಅವ್ವ ಸೆರಗು ಬಾಯಿಗೊತ್ತಿಕೊಂಡು ಬಂದು, "ನೀನು ನನ್ ಹೊಟ್ಟ್ಯಾಗ ಹುಟ್ಟಿಲ್ಲ ಅನ್ಕಂತೀನಿ" ಅಂದಳು. ಆ ಮಾತು ತಾಗಿತು, ತಾಗಲಿಲ್ಲ ಅನ್ನುವುದಿಲ್ಲ. ಆದರೂ ಹಿಂದಕ್ಕೆ ಹೋಗಿ ಸಹಿ ಹಾಕಬೇಕು ಅಂತ ಒಂದು ಗಳಿಗೆಗೂ ಅನ್ನಿಸಲಿಲ್ಲ.

ಕೊಟ್ಟೂರಿನ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು ಹೈದರಾಬಾದಿಗೆ ಒಪ್ಪಿಗೆ ಕಳಿಸಿದೆ. ಪಾಲು ಸಿಗುತ್ತದೋ ಕೋರ್ಟಿಗೆ ಅಲೆಯಬೇಕೋ ಗೊತ್ತಿರಲಿಲ್ಲ. ವಿದ್ಯೆಯ ಮೇಲಿನ ಪ್ರೀತಿಯಿಂದ ಒಪ್ಪಿದೆ ಅಂತ ಆಮೇಲೆ ಫೆಲೋಶಿಪ್ ಸಂದರ್ಶನಗಳಲ್ಲಿ ಹೇಳಿದ್ದೇನೆ. ಆ ಹೊತ್ತಿನಲ್ಲಿ ನನ್ನ ತಲೆಯಲ್ಲಿ ವಿದ್ಯೆ ಇರಲಿಲ್ಲ. ಹೋಗದಿದ್ದರೆ ಅವನಿಗೆ ಮತ್ತೆ ನಗಲು ಸಿಗುತ್ತದೆ, ಅದನ್ನು ಕೊಡಬಾರದು ಅಷ್ಟೇ ಇತ್ತು.

ಅಡ್ವಾನ್ಸು ಕಾರಾಗಿ ಹೋಗಿದ್ದರಿಂದ ಸಾಹುಕಾರನಿಗೆ ವಾಪಸು ಕೊಡುವ ದಾರಿ ಅಣ್ಣನಿಗಿರಲಿಲ್ಲ. ಕೂಡ್ಲಿಗಿಯ ಸೋದರಮಾವ ನಡುವೆ ಓಡಾಡಿದ. ಮಾತಾಡುವುದಿದ್ದರೆ ಅಣ್ಣನೇ ಕೊಟ್ಟೂರಿಗೆ ಬರಲಿ, ಅದೂ ಶಾಲೆಯ ಹೊತ್ತಿನಲ್ಲೇ ಬರಲಿ ಅಂದೆ. ಬಂದ. ನನ್ನ ಪಾಠ ಮುಗಿಯುವ ತನಕ ಶಾಲೆಯ ಕಟ್ಟೆಯ ಮೇಲೆ ಬಿಸಿಲಿನಲ್ಲಿ ಕೂತಿದ್ದ. ಬೇಗ ಮುಗಿಸಬಹುದಿತ್ತು, ಅವತ್ತು ಬೇಕಂತಲೇ ನಿಧಾನ ಓದಿಸಿದೆ. ಕೊನೆಗೆ ನನ್ನ ಪಾಲು ನೇರ ನನ್ನ ಖಾತೆಗೆ ಬರುವ ಹಾಗೆ ಬೇರೆ ಪತ್ರ ಆಯಿತು. ಅದಕ್ಕೆ ಸಂತೋಷದಿಂದ ಸಹಿ ಹಾಕಿದೆ.

ಈಗ ಹೈದರಾಬಾದಿನಲ್ಲಿ ಮೂರನೇ ವರ್ಷ. ಫೆಲೋಶಿಪ್ ಇನ್ನೂ ಬಂದಿಲ್ಲ. ಸಂಜೆ ಕರ್ನಾಟಕಕ್ಕೆ ವರ್ಗವಾಗುವ ಬ್ಯಾಂಕಿನ ನೌಕರರಿಗೆ ಮಾತಾಡುವ ಕನ್ನಡ ಕಲಿಸುತ್ತೇನೆ, ಹಾಸ್ಟೆಲಿನ ಸಪ್ಪೆ ಸಾರು ಉಣ್ಣುತ್ತೇನೆ. ಬರೆದದ್ದನ್ನು ಮೇಡಂ ಕೆಂಪು ಮಾಡಿ ಹಿಂದೆ ಕಳಿಸಿದ ದಿನ, ಬಿಟ್ಟು ಹೋಗೋಣ ಅನ್ನಿಸುತ್ತದೆ. ಆಗ ಅಣ್ಣನನ್ನು ನೆನೆಸಿಕೊಳ್ಳುತ್ತೇನೆ. ಮತ್ತೆ ಕೂತು ಬರೆಯುತ್ತೇನೆ. ಕೆಲಸದ ಮೇಲೆ ಪ್ರೀತಿ ಆಮೇಲೆ ಹುಟ್ಟಿತು, ಸಿಟ್ಟು ಅದಕ್ಕೆ ಜಾಗ ಬಿಟ್ಟುಕೊಟ್ಟಿಲ್ಲ. ಎರಡೂ ಒಂದೇ ಕೋಣೆಯಲ್ಲಿವೆ. ಅಣ್ಣ ಮಾತು ಬಿಟ್ಟಿದ್ದಾನೆ. ಅವ್ವ ಫೋನು ಎತ್ತಿ "ಉಂಡ್ಯಾ?" ಅಂದು ಅತ್ತಿಗೆಯ ಕೈಗೆ ಕೊಡುತ್ತಾಳೆ.

ಹೋದ ತಿಂಗಳು ಅತ್ತಿಗೆ ತಾನೇ ಫೋನು ಮಾಡಿದಳು. ಅಡಿಗೆಮನೆಯ ನಲ್ಲಿ ಬಿಟ್ಟು, ನೀರಿನ ಸದ್ದಿನ ಮರೆಯಲ್ಲಿ ಮೆಲ್ಲಗೆ ಮಾತಾಡಿದಳು. ಹಡಗಲಿ ಕಡೆಯ ಅವಳ ತವರಿನಲ್ಲಿ ತಮ್ಮಂದಿರು ಹೊಲ ಮಾರುತ್ತಿದ್ದರು. ಸಹಿಗೆ ಕರೆದಿದ್ದರು.

"ಯವ್ವಾ, ಅವತ್ತು ಆಫೀಸಿನಾಗ ಏನಂದಿ ನೀನು? ಸರಿಯಾಗಿ ಹೇಳಿಕೊಡು ನನಗ."

"ಅಣ್ಣಗ ಗೊತ್ತೈತಾ?"

"ಗೊತ್ತಾದ್ರ ತಮ್ಮ ಹೆಸರಿಗೆ ಹಾಕಸ್ಕಂತಾರ. ಬಂದದ್ದು ನನ್ ಖಾತಿಗೇ ಬರ್ಬೇಕು. ಮಗಳು ಪಿಯುಸಿ ಮುಗಿಸ್ಯಾಳ."

ಬರೆಯುತ್ತಿದ್ದ ಪೆನ್ನು ಕೆಳಗಿಟ್ಟೆ. ಬಾಗಿಲು ಹಾಕಿಕೊಂಡು ಮಂಚದ ಮೇಲೆ ಕಾಲು ಮಡಚಿ ಕೂತೆ. ಮೊದಲು ಪತ್ರ ಪೂರ್ತಿ ಓದಬೇಕು ಅಂತ ಶುರು ಮಾಡಿ, ಒಂದೊಂದಾಗಿ, ನಿಧಾನವಾಗಿ ಅವಳಿಗೆ ಹೇಳಿಕೊಟ್ಟೆ.