ಸುದ್ದಿ ಹೇಳಬಾರದ ವಾರ

ನಮ್ಮ ಕುಟುಂಬದಲ್ಲಿ ಯಾರು ನನಗೆ ಏನಾಗಬೇಕು ಎನ್ನುವುದು ನನಗೆ ಇವತ್ತಿಗೂ ಸರಿಯಾಗಿ ಗೊತ್ತಿಲ್ಲ. ಇದನ್ನು ಎಲ್ಲರೆದುರು ಹೇಳುವ ಧೈರ್ಯ ನನಗಿಲ್ಲ, ನಿಮ್ಮೊಬ್ಬರ ಹತ್ತಿರ ಹೇಳುತ್ತೇನೆ. ಹಾರವಾಡದಲ್ಲಿ ಒಂದಷ್ಟು ಜನ, ಅಗಸೂರಿನಲ್ಲಿ ಒಂದಷ್ಟು, ಅಂಕೋಲೆ ಪೇಟೆಯಲ್ಲಿ ಮತ್ತೊಂದಷ್ಟು, ಕಾರವಾರದಲ್ಲಿ ನಾನು. ಮದುವೆಮನೆಯಲ್ಲಿ ಯಾರಾದರೂ ಎದುರಿಗೆ ಬಂದು "ಗುರ್ತ ಸಿಕ್ತಾ?" ಎಂದರೆ "ಸಿಗದೇ ಏನು" ಎಂದು ನಗುತ್ತೇನೆ. ಆಮೇಲೆ ಊಟಕ್ಕೆ ಕೂತಾಗ ಅವರು ಯಾರೆಂದು ಹೆಂಡತಿಯ ಕಿವಿಯಲ್ಲಿ ಕೇಳುತ್ತೇನೆ. ಹುಟ್ಟಿದವನು ನಾನು, ಸೊಸೆಯಾಗಿ ಬಂದವಳು ಅವಳು, ಆದರೆ ಗೊತ್ತಿರುವುದೆಲ್ಲ ಅವಳಿಗೇ.

ಇಂಥವನನ್ನು ಕುಟುಂಬದ ವಾಟ್ಸಾಪ್ ಗುಂಪಿಗೆ ಅಡ್ಮಿನ್ ಮಾಡಿದ್ದಾರೆ, ಆಫೀಸಿನಲ್ಲಿ ಕೂರುವವನು ಎಂಬ ಒಂದೇ ಕಾರಣಕ್ಕೆ. ಕಳೆದ ವರ್ಷವಂತೂ ಸುದ್ದಿಗಳಿಗೆ ಬಿಡುವೇ ಇರಲಿಲ್ಲ. ಒಬ್ಬನ ನೌಕರಿ ಖಾಯಂ ಆಯಿತು, ಒಬ್ಬಳು ಪಿಯುಸಿಯಲ್ಲಿ ತಾಲೂಕಿಗೇ ಮೊದಲು ಬಂದಳು, ಒಬ್ಬರು ಮೊಣಕಾಲು ಬದಲಾಯಿಸಿಕೊಂಡರು, ಇನ್ನೊಬ್ಬರು ಮನೆಯ ಹಂಚಿನ ಮಾಡು ಬದಲಾಯಿಸಿದರು. ಒಂದು ಬೆಳಿಗ್ಗೆ ಹಾರವಾಡದ ಅಜ್ಜನೊಬ್ಬ ತೀರಿಕೊಂಡ ಸುದ್ದಿಯೂ ಯಾರದೋ ಮಗಳ ಹುಟ್ಟುಹಬ್ಬದ ಫೋಟೋವೂ ಬೆನ್ನುಬೆನ್ನಿಗೆ ಬಂದವು. ಜನ ಗಡಿಬಿಡಿಯಲ್ಲಿ ಅಜ್ಜನಿಗೆ ಕೇಕು, ಮಗುವಿಗೆ ಕೈಮುಗಿದ ಚಿತ್ರ ಕಳಿಸಿದರು. ಅಡ್ಮಿನ್ ಆದ ನಾನು ಏನು ಮಾಡಬೇಕೆಂದು ತಿಳಿಯದೆ ಇಬ್ಬರಿಗೂ ಒಂದೊಂದು ಹೂವು ಹಾಕಿ ಆಫೀಸಿಗೆ ಹೋದೆ.

ಆದರೆ ನಮ್ಮಲ್ಲಿ ಸುದ್ದಿ ಒಂದೇ ಬರುವುದಿಲ್ಲ, ಸೂತಕವನ್ನೂ ಜೊತೆಗೆ ಕರೆದುಕೊಂಡು ಬರುತ್ತದೆ. ಕುಟುಂಬದಲ್ಲಿ ಯಾರು ಸತ್ತರೂ ಸೂತಕ, ಯಾರು ಹುಟ್ಟಿದರೂ ಸೂತಕ. ಅದು ಕಳೆಯುವ ತನಕ ಶುಭಕಾರ್ಯವಿಲ್ಲ. ಸಣ್ಣ ಕುಟುಂಬದವರಿಗೆ ಇದು ಎಂದೋ ಒಮ್ಮೆ ಬಂದು ಹೋಗುವ ತೊಂದರೆ. ನಮ್ಮಷ್ಟು ಜನರಿದ್ದರೆ ಒಬ್ಬರು ಹೋಗುವಷ್ಟರಲ್ಲಿ ಇನ್ನೊಬ್ಬರು ಬಂದಿರುತ್ತಾರೆ. ಆದರೂ ಹಿಂದಿನವರು ಒಂದು ಕಿಂಡಿ ಬಿಟ್ಟಿದ್ದಾರೆ: ಸುದ್ದಿ ಕಿವಿಗೆ ಬಿದ್ದ ಮೇಲೆಯೇ ಸೂತಕ. ಕಾಳಿ ಹೊಳೆಗೆ ಸೇತುವೆ ಇಲ್ಲದ ಕಾಲದಲ್ಲಿ ಸುದ್ದಿಯೂ ದೋಣಿ ಹತ್ತಿಯೇ ಬರಬೇಕಿತ್ತು. ಮಳೆಗಾಲದಲ್ಲಿ ಹೊಳೆ ತುಂಬಿದರೆ, ಆಚೆ ದಡದಲ್ಲಿ ಯಾರೋ ತೀರಿಕೊಂಡಿದ್ದರೂ ಈಚೆ ದಡದವರು ನೆಮ್ಮದಿಯಿಂದ ಪಾಯಸ ಉಣ್ಣಬಹುದಿತ್ತು. ಅದರಲ್ಲಿ ಯಾರ ತಪ್ಪೂ ಇರಲಿಲ್ಲ. ಈಗ ವಾಟ್ಸಾಪಿಗೆ ಯಾವ ಹೊಳೆ ಅಡ್ಡ? ಸುದ್ದಿ ಬಚ್ಚಲುಮನೆಗೂ ಬರುತ್ತದೆ.

ಇದರಲ್ಲಿ ಸಿಕ್ಕಿಬಿದ್ದವಳು ಪಲ್ಲವಿ, ಅಂಕೋಲೆಯ ನನ್ನ ದೊಡ್ಡಪ್ಪನ ಮಗ ಗಣಪಣ್ಣನ ಮಗಳು. ಅವಳಿಗೆ ದೇವಬಾಗದ ಹುಡುಗನೊಬ್ಬ ನಿಶ್ಚಯವಾಗಿದ್ದ. ಅವನು ಸರಕಿನ ಹಡಗಿನಲ್ಲಿ ಕೆಲಸ ಮಾಡುವವನು, ರಜೆ ಮುಗಿದರೆ ಮತ್ತೆ ಯಾವಾಗ ದಡ ಕಾಣುತ್ತಾನೋ ಅವನಿಗೇ ಗೊತ್ತಿಲ್ಲ. ಮೊದಲ ಮುಹೂರ್ತ ಹಾರವಾಡದ ಅಜ್ಜನಿಂದ ತಪ್ಪಿತು. ಆ ಅಜ್ಜನನ್ನು ಪಲ್ಲವಿ ನೋಡಿಯೇ ಇರಲಿಲ್ಲ. ಎರಡನೆಯದು ಅಗಸೂರಿನ ನಮ್ಮ ಕುಟುಂಬದವನೇ ಆದ ಮೋಹನನಿಗೆ ಮಗ ಹುಟ್ಟಿದ್ದರಿಂದ ತಪ್ಪಿತು. ಡಾಕ್ಟರು ಹೇಳಿದ್ದಕ್ಕಿಂತ ಮೊದಲೇ ಆ ಮಗು ಅವಸರ ಮಾಡಿಕೊಂಡು ಬಂದಿತ್ತು. ಮೂರನೆಯದನ್ನು ಇಟ್ಟಾಗ ಹುಡುಗನ ತಾಯಿ ಸಮಾಧಾನದಲ್ಲೇ ಹೇಳಿದರು, "ಈ ಸಲ ತಪ್ಪಿದ್ರೆ ಹುಡ್ಗ ಹಡಗು ಹತ್ತುತ್ತಾನೆ. ಆಮೇಲೆ ನಮ್ಮನ್ನ ಕೇಳ್ಬೇಡಿ."

ಸರಿಯಾಗಿ ಆಗಲೇ ಬಾಬು ಕಾಕಾ ಹಾಸಿಗೆ ಹಿಡಿದರು. ಬಾಬು ಕಾಕಾ ಎಂದರೆ ನನ್ನ ಅಪ್ಪನ ಕೊನೆಯ ತಮ್ಮ. ಮದುವೆಯಾದವರಲ್ಲ, ಅಗಸೂರಿನಲ್ಲಿ ಮೋಹನನ ಮನೆಯಲ್ಲೇ ಇರುತ್ತಾರೆ. ಕುಟುಂಬದ ಮೂರು ತಲೆಮಾರಿಗೂ ಅವರು ಕಾಕಾ, ಆದ್ದರಿಂದ ಅವರೊಬ್ಬರ ವಿಷಯದಲ್ಲಿ ನನಗೆ ಗೊಂದಲವಿಲ್ಲ. ಪಲ್ಲವಿಯ ತಾಯಿ, ಅಂದರೆ ನನ್ನ ಅತ್ತಿಗೆ, ಕಾಯಿಲೆ ಬಿದ್ದ ವರ್ಷಗಳಲ್ಲಿ ಹುಡುಗಿಯನ್ನು ಸಾಕಿದ್ದು ಅವರೇ. ಜಡೆ ಹೆಣೆಯಲು ಬಾರದೆ, ತೆಂಗಿನ ನಾರಿನ ಹಗ್ಗದ ಮೇಲೆ ಅಭ್ಯಾಸ ಮಾಡಿ ಕಲಿತರಂತೆ. ಆ ಜಡೆಯ ಬಿಗಿಗೆ ಶಾಲೆ ಬಿಡುವ ತನಕ ಅವಳ ಹುಬ್ಬು ಮೇಲೆಯೇ ಇರುತ್ತಿತ್ತು.

ಎದೆಯಲ್ಲಿ ಕಫ ಕಟ್ಟಿ ಆಸ್ಪತ್ರೆ ಸೇರಿದ ಕಾಕಾನನ್ನು ಮನೆಗೆ ತಂದರು. ಆದರೆ ಡಾಕ್ಟರು ಏನೂ ಹೇಳುವ ಹಾಗಿಲ್ಲ ಎಂದರು. ಕಾಕಾ ಮೋಹನನ ಕೈಲಿ ಹೇಳಿಕಳಿಸಿದರು, "ನಾ ಸತ್ರೆ ನಾಂದಿ ಆಗೋ ತನಕ ಗಣಪನ ಮನೆಗೆ ಹೇಳ್ಬೇಡಿ." ನಾಂದಿ ಎಂದರೆ ಮದುವೆಯ ದಿನ ಬೆಳಿಗ್ಗೆ ಹಿರಿಯರನ್ನು ನೆನೆದು ಮಾಡುವ ಶಾಸ್ತ್ರ. ಅದೊಂದು ಆಗಿಬಿಟ್ಟರೆ ಆಮೇಲೆ ಸೂತಕ ಮದುವೆಯನ್ನು ಮುಟ್ಟುವುದಿಲ್ಲ.

ಗಣಪಣ್ಣ ಇದನ್ನು ಇನ್ನಷ್ಟು ಬಿಗಿ ಮಾಡಿದ. ಆ ವಾರವಿಡೀ ಅಗಸೂರಿನ ಮನೆಯೊಡನೆ ಯಾರೂ ಮಾತಾಡಬಾರದು, ಅಲ್ಲಿಂದ ಬಂದ ಫೋನನ್ನು ಎತ್ತಲೂ ಬಾರದು. ಎತ್ತಿದರೆ ಧ್ವನಿಯಲ್ಲೇ ಗೊತ್ತಾಗಿಬಿಡುತ್ತದಲ್ಲ, ಅದು ಅವನ ಹೆದರಿಕೆ. ಇದು ನಡೆಯುತ್ತದೆಯೇ ಎಂದು ಭಟ್ಟರನ್ನು ಕೇಳಿದ. ಅವರು, ಸುದ್ದಿ ಮುಟ್ಟದವರಿಗೆ ಸೂತಕವಿಲ್ಲ ನಿಜ, ಬೇಕಂತಲೇ ಕಿವಿ ಮುಚ್ಚಿಕೊಂಡವರ ಬಗ್ಗೆ ತಾವು ಎಲ್ಲೂ ಓದಿಲ್ಲ ಎಂದರು. ಗಣಪಣ್ಣ ಅದನ್ನು ಒಪ್ಪಿಗೆ ಎಂದುಕೊಂಡ. ವಾಟ್ಸಾಪ್ ಗುಂಪನ್ನು ಮುಚ್ಚುವಂತೆ ನನಗೆ ಹೇಳಿದ. ಹೇಗೆಂದು ಗೊತ್ತಿಲ್ಲದೆ ಹೆಂಡತಿಯ ಕೈಯಿಂದ ಮುಚ್ಚಿಸಿದೆ.

ಮದುವೆ ಕೆಲಸಕ್ಕೆಂದು ನಾನೂ ಹೆಂಡತಿಯೂ ಅಂಕೋಲೆಗೆ ಬಂದಿದ್ದೆವು. ಅಂಥ ವಾರವನ್ನು ನಾನು ಕಂಡಿಲ್ಲ. ಮದುವೆಮನೆಗೆ ಬಂದವರೆಲ್ಲ ಸೆಖೆಯ ಬಗ್ಗೆ, ಬಂಗಡೆ ಮೀನಿನ ಬಗ್ಗೆ ಮಾತ್ರ ಮಾತಾಡಿದರು. ಯಾರಾದರೂ "ಒಂದು ವಿಷಯ ಗೊತ್ತಾ?" ಎಂದು ಬಾಯಿ ತೆರೆದರೆ ಉಳಿದವರು ಎದ್ದು ನೀರು ಕುಡಿಯಲು ಹೋಗುತ್ತಿದ್ದರು. ಅಷ್ಟರಲ್ಲಿ ಮೋಹನನ ಫೋನು ಶುರುವಾಯಿತು. ಮೊದಲು ಗಣಪಣ್ಣನಿಗೆ, ಆಮೇಲೆ ಅತ್ತಿಗೆಗೆ, ಆಮೇಲೆ ನನಗೆ. ಯಾರೂ ಎತ್ತಲಿಲ್ಲ. ಅವನು ಬಿಡಲೂ ಇಲ್ಲ. ಹೇಳಬಾರದೆಂದು ಗೊತ್ತಿದ್ದೂ ಇಷ್ಟು ಸಲ ಮಾಡುತ್ತಾನೆಂದರೆ ಇನ್ನೇನಿರಲು ಸಾಧ್ಯ? ನಮ್ಮ ಮುಖಗಳು ಸಣ್ಣಗಾದವು. ಕಾಕಾ ಹೋಗಿದ್ದಾರೆ ಎಂದು ಎಲ್ಲರಿಗೂ ಗೊತ್ತಾಯಿತು, ಆದರೆ ಯಾರಿಗೂ ಗೊತ್ತಿರಲಿಲ್ಲ. ಹೀಗೆ ಗೊತ್ತಾದರೆ ಸೂತಕ ಉಂಟೋ ಇಲ್ಲವೋ ಎಂದು ಭಟ್ಟರನ್ನು ಕೇಳುವ ಧೈರ್ಯ ಒಬ್ಬರಿಗೂ ಬರಲಿಲ್ಲ.

ಮದುವೆಯ ಹಿಂದಿನ ಸಂಜೆ ಪಲ್ಲವಿ ನನ್ನನ್ನು ಹಿತ್ತಿಲಿಗೆ ಕರೆದಳು. ಕೈತುಂಬ ಮೆಹಂದಿ. ಕಣ್ಣು ಒರೆಸಿಕೊಳ್ಳಲೂ ಆಗದೆ ಮೊಣಕೈಯನ್ನು ಮುಖಕ್ಕೆ ಒತ್ತಿಕೊಂಡು ನಿಂತಿದ್ದಳು.

"ಚಿಕ್ಕಪ್ಪ, ನಾಳೆ ಬೆಳಿಗ್ಗೆ ಅಗಸೂರಿಗೆ ಹೋಗಿ ಬನ್ನಿ. ಕಾಕಾ ಇದ್ರೆ ವಾಪಸ್ ಬನ್ನಿ, ನಾ ನಾಂದಿಗೆ ಕೂತ್ಕೊಳ್ತೇನೆ. ಇಲ್ದಿದ್ರೆ ಬರ್ಬೇಡಿ."

"ಬರದಿದ್ದರೆ ನಿನಗೆ ಗೊತ್ತಾಗ್ತದಲ್ಲ, ಮಗಾ."

"ಗೊತ್ತಾಗ್ಲಿ. ಹಡಗು ಹೋದ್ರೂ ಹೋಗ್ಲಿ. ನನ್ನ ಬೆಳೆಸಿದವ್ರು ಅಲ್ಲಿ ಸತ್ತು ಮಲಗಿರುವಾಗ ಇಲ್ಲಿ ಹೂ ಮುಡ್ಕಂಡು ನಗೂಕೆ ನನ್ನಿಂದಾಗೂದಿಲ್ಲ."

ಬೆಳಿಗ್ಗೆ ಮೊದಲ ಬಸ್ಸನ್ನೇ ಹತ್ತಿದೆ. ದಾರಿಯುದ್ದಕ್ಕೂ ನನ್ನ ತಲೆಯಲ್ಲಿ ಒಂದೇ ಪ್ರಶ್ನೆ: ಕಾಕಾ ಇಲ್ಲವೆಂದಾದರೆ ಅಲ್ಲೇ ಉಳಿಯಬೇಕೋ, ಹಿಂದೆ ಬಂದು ಸುಳ್ಳು ಹೇಳಬೇಕೋ? ಸುಳ್ಳು ನನ್ನ ಮುಖದ ಮೇಲೆ ನಿಲ್ಲುವುದಿಲ್ಲ. ಅದು ಗೊತ್ತಿದ್ದೇ ಅವಳು ನನ್ನನ್ನು ಕಳಿಸಿದ್ದಿರಬೇಕು. ಬಸ್ಸಿಳಿದು ಮೋಹನನ ಮನೆಯ ತಿರುವು ದಾಟಿದೆ.

ಜಗುಲಿಯಲ್ಲಿ ಕಾಕಾ ಕೂತಿದ್ದರು. ತಲೆಗೆ ಮಫ್ಲರ್, ಕೆನ್ನೆ ಒಳಗೆ ಹೋಗಿತ್ತು, ಆದರೆ ಕೂತಿದ್ದರು. ನನಗೆ ಅಳುವೇ ಬಂತು. ನನ್ನನ್ನು ಕಂಡದ್ದೇ ಅವರು ಗೋಡೆ ಹಿಡಿದು ಎದ್ದರು.

"ಯಾರು?"

"ನಾನು ಕಾಕಾ."

"ನೀ ಅಂತ ಕಾಣ್ತದೆ. ಹೋದದ್ದು ಯಾರು ಹೇಳು. ಹುಡ್ಗಿಗೆ ಎಂತಾರು ಆಯ್ತಾ?"

ಆಗ ನನಗೆ ವಿಷಯ ಬಗೆಹರಿಯಿತು. ನಾವು ಮಾತು ನಿಲ್ಲಿಸಿದ್ದು ಯಾಕೆಂದು ಆ ಮನೆಗೆ ಹೇಳಿದವರೇ ಇರಲಿಲ್ಲ. ಹೇಳಬೇಕಾದರೆ ಮಾತಾಡಬೇಕಿತ್ತಲ್ಲ. ಕಾಕಾ ಚೇತರಿಸಿಕೊಂಡಿದ್ದರು. ಅದನ್ನು ಹೇಳಲೆಂದೇ ಮೋಹನ ಫೋನು ಮಾಡಿದ್ದ. ಕಾಯಿಲೆಯವರನ್ನೂ ಬಾಣಂತಿಯನ್ನೂ ಬಿಟ್ಟು ಅವನೇ ಬರುವಂತಿರಲಿಲ್ಲ. ಯಾರೂ ಎತ್ತದೆ ಹೋದಾಗ, ತಮ್ಮ ಕಾಯಿಲೆ ನೋಡಿ ಅಲ್ಲಿಯ ಸಾವನ್ನು ಮುಚ್ಚಿಟ್ಟಿದ್ದಾರೆಂದು ಕಾಕಾ ಲೆಕ್ಕ ಹಾಕಿ, ಗಂಜಿಯನ್ನೂ ಬಿಟ್ಟು ಕೂತಿದ್ದರು. ಎಲ್ಲರೂ ಚೆನ್ನಾಗಿದ್ದಾರೆ, ಇವತ್ತೇ ಮದುವೆ ಎಂದು ಎಷ್ಟು ಹೇಳಿದರೂ ನಂಬಲಿಲ್ಲ. ನಂಬಿಸಲು ಅವರೆದುರೇ ಗಣಪಣ್ಣನಿಗೆ ಫೋನು ಮಾಡಿದೆ. ಎತ್ತಲಿಲ್ಲ. ಹೆಂಡತಿಗೆ ಮಾಡಿದೆ. ಅವಳೂ ಎತ್ತಲಿಲ್ಲ. ಅವಳ ಹೊಟ್ಟೆಯಲ್ಲಿ ಮಾತು ನಿಲ್ಲುವುದಿಲ್ಲ, ನಾನು ಅಗಸೂರಿಗೆ ಹೋದದ್ದು ಅಷ್ಟರಲ್ಲಿ ಇಡೀ ಕಲ್ಯಾಣಮಂಟಪಕ್ಕೆ ಗೊತ್ತಾಗಿ, ಈಗ ನನ್ನ ಫೋನಿಗೂ ಹೆದರುತ್ತಿದ್ದರು. ಕಾಕಾ ಮಫ್ಲರ್ ಬಿಗಿದುಕೊಂಡರು. "ನಡಿ, ನಾನೇ ನೋಡ್ತೆ," ಎಂದರು.

ಮೋಹನ ಬಾಡಿಗೆ ರಿಕ್ಷಾ ಹೊಡೆಯುವವನು. ಅವನ ರಿಕ್ಷಾದಲ್ಲಿ ಕಾಕಾನನ್ನು ಎರಡೂ ಬದಿಗೆ ದಿಂಬು ಕೊಟ್ಟು ಕೂರಿಸಿಕೊಂಡು, ಹೊಂಡ ತಪ್ಪಿಸುತ್ತ ನಿಧಾನಕ್ಕೆ ಅಂಕೋಲೆಗೆ ಬಂದೆವು. ಹೊತ್ತು ಏರಿತ್ತು. ನಾಂದಿಗೆ ಎಲ್ಲ ಸಿದ್ಧವಾಗಿದ್ದರೂ ಪಲ್ಲವಿ ಮಣೆಯ ಮೇಲೆ ಕೂರದೆ ಬಾಗಿಲು ನೋಡುತ್ತ ನಿಂತಿದ್ದಳು. ಭಟ್ಟರು ಗಡಿಯಾರ ನೋಡುತ್ತಿದ್ದರು. ಮೊದಲು ನಾನಿಳಿದೆ. ನನ್ನನ್ನು ಕಂಡ ಗಣಪಣ್ಣ ಎರಡೂ ಕಿವಿಗೆ ಕೈ ಕೊಟ್ಟು ಹಿಂದೆ ಸರಿದ. ಆಮೇಲೆ ಮೋಹನನ ಭುಜ ಹಿಡಿದು ಕಾಕಾ ಇಳಿದರು.

ಪಲ್ಲವಿ ಜರಿಸೀರೆ ಎತ್ತಿ ಹಿಡಿದು ಓಡಿ ಬಂದು ಅವರನ್ನು ತಬ್ಬಿಕೊಂಡಳು. ಕಾಕಾ ಅವಳ ಬೆನ್ನು ಸವರುತ್ತ, ಅವಳ ಹೆಗಲ ಮೇಲಿಂದ ಒಬ್ಬೊಬ್ಬರನ್ನೇ ನೋಡಿದರು. ಎಲ್ಲರೂ ಇದ್ದಾರೆಂದು ಖಾತ್ರಿಯಾದ ಮೇಲೆ ಗಣಪಣ್ಣನ ಕಡೆ ತಿರುಗಿದರು.

"ಸತ್ರೆ ಹೇಳ್ಬೇಡಿ ಅಂದಿದ್ದೆ. ಬದುಕಿದ್ದದ್ದನ್ನ ಕೇಳ್ಬೇಡಿ ಅಂತ ಯಾರು ಹೇಳಿದ್ರು?"

ಗಣಪಣ್ಣ ಕಿವಿಯಿಂದ ಕೈ ತೆಗೆದ. ಬಗ್ಗಿ ಕಾಕಾನ ಪಾದ ಮುಟ್ಟಿದ. ಉಳಿದವರು ನೆಲ ನೋಡಿದೆವು. ಭಟ್ಟರು ಮೆಲ್ಲಗೆ ನಾಂದಿ ಶುರು ಮಾಡಿದರು.

ಮದುವೆ ಮುಗಿದು ಹುಡುಗ ಹಡಗು ಹತ್ತಿದ್ದಾನೆ. ವಾಟ್ಸಾಪ್ ಗುಂಪು ಮತ್ತೆ ತೆರೆದು ಹುಟ್ಟು ಸಾವುಗಳೆಲ್ಲ ಮೊದಲಿನಂತೆ ಕಲಸಿಕೊಂಡು ಬರುತ್ತಿವೆ, ಯಾವುದಕ್ಕೆ ಯಾವ ಚಿತ್ರ ಎನ್ನುವುದು ನನಗೆ ಇನ್ನೂ ತಿಳಿದಿಲ್ಲ. ಕಾಕಾ ಮಾತ್ರ ಗುಂಪನ್ನು ನಂಬುವುದಿಲ್ಲ. ಬೆಳಿಗ್ಗೆ ನಾನು ಆಫೀಸಿಗೆ ಹೊರಟ ಹೊತ್ತಿಗೆ ಸರಿಯಾಗಿ ಫೋನು ಮಾಡುತ್ತಾರೆ. ನಾನು ಒಂದು ಕಾಲಿಗೆ ಚಪ್ಪಲಿ ಹಾಕಿಕೊಂಡೇ ಎತ್ತುತ್ತೇನೆ.

"ನಾ ಇದ್ದೇನೆ. ನೀನು?"

"ನಾನೂ ಇದ್ದೇನೆ ಕಾಕಾ."

"ಹಾಗಾದ್ರೆ ಅಡ್ಡಿಲ್ಲ," ಎಂದು ಇಟ್ಟುಬಿಡುತ್ತಾರೆ.