ಹಗೇವಿನ ಜೋಳ

ಈ ಮಳೆಗಾಲದಲ್ಲಿ ಒಂದು ದಿನ ಕೊಪ್ಪಳದ ನಮ್ಮ ಮನೆಯ ಅಡುಗೆಕೋಣೆಯಲ್ಲಿ ಜೋಳದ ಡಬ್ಬಿಯನ್ನು ಕೆಳಗಿಳಿಸಿ ಮುಚ್ಚಳ ತೆಗೆದೆ. ಯಾವಾಗಲೋ ಮುಚ್ಚಳ ಸಡಿಲಾಗಿ ಹಸಿ ಸೇರಿತ್ತೇನೋ, ಒಳಗಿನಿಂದ ಹುಳಿ ವಾಸನೆ ಬಂತು. ನೆನೆದ ಗೋಣಿಚೀಲಕ್ಕೆ ಹಳಸಿದ ಅಂಬಲಿ ಚೆಲ್ಲಿದಂಥ, ತುಸು ಬೆಚ್ಚಗಿನ ವಾಸನೆ. ಡಬ್ಬಿಯನ್ನು ಕಟ್ಟೆಯ ಮೇಲಿಟ್ಟು ಇನ್ನೊಮ್ಮೆ ಮೂಸಿದೆ. ಚಿಕ್ಕವಳಿದ್ದಾಗ ಒಮ್ಮೆ ಗಂಗಾವತಿ ಕಡೆಯ ಮರಳಿ ಗ್ರಾಮದ ಹತ್ತಿರದ ನಮ್ಮ ಊರಿನಲ್ಲಿ, ಅಜ್ಜನ ಮನೆಯ ಅಂಗಳದಲ್ಲಿ, ಮನೆಮಂದಿಯೆಲ್ಲ ಸುತ್ತ ನಿಂತು ಇದೇ ವಾಸನೆ ಹೀರಿದ್ದೆವು. ಹಗೇವು ಕಂಡವರು ಈಗ ಎಷ್ಟು ಮಂದಿ ಉಳಿದಿದ್ದಾರೋ. ಅಂಗಳದ ನೆಲದೊಳಗೆ ತೋಡಿದ, ಬಾಯಿ ಕಿರಿದಾಗಿ ಹೊಟ್ಟೆ ದೊಡ್ಡದಾದ ಗುಂಡಿ ಅದು. ಒಳಗೆ ಸುತ್ತಲೂ ಜೋಳದ ಸೊಪ್ಪೆ ಹಾಸಿ, ವರ್ಷದ ಜೋಳ ಸುರಿದು, ಬಾಯಿಗೆ ಕಲ್ಲು ಮುಚ್ಚಿ ಮಣ್ಣು ಮೆತ್ತುತ್ತಿದ್ದರು. ನಾವು ಮಕ್ಕಳು ಅದರ ಮೇಲೆಯೇ ಕುಂಟಾಬಿಲ್ಲೆ ಆಡುತ್ತಿದ್ದೆವು. ಕಾಲ ಕೆಳಗೆ ಇಡೀ ಮನೆಯ ಊಟವಿದೆ ಎಂಬುದು ಆಗ ದೊಡ್ಡ ಸಂಗತಿ ಅನಿಸಿರಲಿಲ್ಲ.

ನಮ್ಮೂರಿನ ಎರೆಹೊಲದಲ್ಲಿ ನೀರು ನಿಲ್ಲಿಸಿ ಮೊದಲು ಭತ್ತ ಹಚ್ಚಿದವನು ನಮ್ಮ ಅಜ್ಜ. ಕಾಲುವೆ ಬಂದಮೇಲೂ ಊರಿನವರು ಆ ನೀರನ್ನು ದನಕ್ಕೆ ಕುಡಿಸಿದರು, ಅದರಲ್ಲಿ ಅರಿವೆ ಒಗೆದರು, ಹೊಲಕ್ಕೆ ಬಿಡಲು ಮಾತ್ರ ಹೆದರಿದರು. ಅಜ್ಜ ಕಾಲುವೆಯ ಹಿಂದೆಯೇ ಬಂದು ನೆಲೆಸಿದ್ದ, ತೆಲುಗು ಮಾತಾಡುವ ರೈತರ ಕ್ಯಾಂಪಿನವರೆಗೂ ನಡೆದುಹೋಗಿ, ಅವರ ಬದುವಿನ ಮೇಲೆ ಕುಕ್ಕರಗಾಲಲ್ಲಿ ಕೂತು, ಹೆಂಗಸರು ಸಸಿ ನಾಟುವುದನ್ನು ದಿನಗಟ್ಟಲೆ ನೋಡಿ ಬಂದನಂತೆ. ತನ್ನ ಹೊಲಕ್ಕೆ ಮಡಿ ಕಟ್ಟಿ ನೀರು ನಿಲ್ಲಿಸಿದ ದಿನ ಊರ ಗೌಡರು ದಂಡೆಗೆ ನಿಂತು, "ಏನಪಾ, ಎಮ್ಮಿ ಮೈ ತೊಳ್ಯಾಕ ಕೆರಿ ಕಟ್ಟಿಯೇನ?" ಎಂದರು. ಅಜ್ಜ ತಲೆ ಎತ್ತಲಿಲ್ಲ. "ಹೌದ್ರಿ ಗೌಡ್ರ, ನಿಮ್ಮ ಎಮ್ಮೀನೂ ಹೊಡ್ಕೊಂಡ್ ಬರ್ರಿ" ಎಂದ. ಮರುವರ್ಷ ಅದೇ ಗೌಡರು ಸಸಿ ಕೇಳಿಕೊಂಡು ನಮ್ಮ ಮನೆಗೆ ಬಂದರು.

ಅಮ್ಮ ಅವನಲ್ಲಿ ಕೇಳಿದ್ದು ಒಂದೇ. ನಮ್ಮ ಕಡೆ ಅಜ್ಜಿಗೆ ಅಮ್ಮ ಎನ್ನುತ್ತೇವೆ, ತಾಯಿಗೆ ಅವ್ವ. ಅಮ್ಮ ಕುಷ್ಟಗಿ ಕಡೆಯ ಒಣಬೇಸಾಯದ ಊರಿನವಳು, ಬಿಳಿಜೋಳ ಉಂಡು ಬೆಳೆದವಳು. "ಎಲ್ಲಾ ಹೊಲಕ್ಕೂ ನೆಲ್ಲು ಹಚ್ಚ್ರಿ, ನಾ ಬ್ಯಾಡ ಅನ್ನಂಗಿಲ್ಲ. ಮನಿ ಹಿಂದಿನ ಹೊಲ ಒಂದು ಜೋಳಕ್ಕ ಬಿಡ್ರಿ" ಎಂದಳು. "ಬಿಟ್ಟೆ ತಗೋ" ಎಂದ ಅಜ್ಜ. ಅಂದಿನಿಂದ ಆ ಹೊಲ ಅಮ್ಮನದು. ಬೀಜಕ್ಕೆ ತೆನೆ ಆರಿಸುವವಳು ಅವಳೇ, ಬೆಳೆ ನಿಂತಾಗ ಹಕ್ಕಿ ಓಡಿಸುವವಳೂ ಅವಳೇ. ಕಾಳು ಹಾಲುಗಟ್ಟಿದಾಗ ಬದುವಿನ ಮೇಲೆ ಬೆಂಕಿ ಮಾಡಿ ಸೀತನಿ ಸುಡುತ್ತಿದ್ದಳು. ಬಿಸಿ ತೆನೆಯನ್ನು ಅಂಗೈಗಳ ನಡುವೆ ತಿಕ್ಕಿ, ಹೊಟ್ಟು ಊದಿ, ಹಸಿರು ಕಾಳನ್ನು ನಮ್ಮ ಬಾಯಿಗೆ ಹಾಕುವಾಗ ಅವಳ ಬೆರಳಿಗೆ ಹೊಗೆಯ ಘಮ ಇರುತ್ತಿತ್ತು. ನಾನು ಗಂಗಾವತಿಯ ಕಾನ್ವೆಂಟಿನಿಂದ ರಜೆಗೆ ಬಂದವಳು, ಕೈ ತೊಳೆಯದೆ ತಿನ್ನಬಾರದೆಂದು ಸಿಸ್ಟರ್ ಹೇಳಿದ್ದು ಅಲ್ಲಿ ನೆನಪಾಗುತ್ತಿರಲಿಲ್ಲ.

ಆ ವಾಸನೆ ಕಂಡ ವರ್ಷ, ದಸರೆಗೆ ಮುಂಚೆ, ಅಮ್ಮ ಒಂದು ಮುಂಜಾನೆ ಬೀಸುವಕಲ್ಲಿನ ಬುಡವನ್ನು ಕೈಯಿಂದ ಮುಟ್ಟಿ ನೋಡಿದಳು. "ನೆಲ ಬೆವರಾಕತ್ತೈತ್ರಿ. ಜೋಳ ಮ್ಯಾಲ ತಗದು ಚೀಲಕ್ಕ ತುಂಬೋಣು" ಎಂದಳು. ಅಜ್ಜ ಎಲೆ ಅಡಿಕೆ ಅಗಿಯುತ್ತ, "ನಮ್ಮ ಮುತ್ಯಾನ ಕಾಲದ ಹಗೇವು ಅದು, ಎಂತೆಂಥಾ ಮಳಿ ನೋಡೇತಿ. ಚೀಲದಾಗ ಇಟ್ರ ಹುಳಾ ತಿಂತಾವ" ಎಂದ. ಮೇಲಿನಿಂದ ಸುರಿಯುವ ನೀರು ಅವನಿಗೆ ಗೊತ್ತಿತ್ತು. ತಾನು ಮಡಿಯಲ್ಲಿ ತಿಂಗಳುಗಟ್ಟಲೆ ನಿಲ್ಲಿಸಿದ ನೀರು ನೆಲದಡಿಯಲ್ಲಿ ಮನೆಯ ಕಡೆ ನಡೆದು ಬರುತ್ತದೆಂದು ಗೊತ್ತಿರಲಿಲ್ಲ. ಊರಿನಲ್ಲಿ ಯಾರಿಗೂ ಗೊತ್ತಿರಲಿಲ್ಲ. ಅಷ್ಟು ನೀರನ್ನು ಆ ನೆಲ ಹಿಂದೆಂದೂ ಕಂಡಿರಲಿಲ್ಲ.

ಹಗೇವು ತೆಗೆಯುವಾಗ ಒಂದು ಪದ್ಧತಿ ಇತ್ತು. ಕಲ್ಲು ಸರಿಸಿ, ಒಳಗಿನ ಕಾವು ಹೋಗಲೆಂದು ಸ್ವಲ್ಪ ಹೊತ್ತು ಬಿಟ್ಟು, ಹಗ್ಗಕ್ಕೆ ದೀಪ ಕಟ್ಟಿ ಇಳಿಸುವುದು. ದೀಪ ಆರಿದರೆ ಒಳಗೆ ಕೆಟ್ಟ ಗಾಳಿ ಇದೆಯೆಂದು ಅರ್ಥ, ಯಾರೂ ಇಳಿಯಬಾರದು. ದಸರೆಯ ರಜೆಯಲ್ಲಿ ನಮ್ಮ ಹಗೇವು ತೆಗೆದ ದಿನ ದೀಪ ಪ್ರತಿ ಸಲವೂ ಆರಿತು. ಕೊನೆಗೆ ಅಜ್ಜ ಹಗ್ಗಕ್ಕೆ ಕೊಡ ಕಟ್ಟಿ ಮೇಲಿನಿಂದಲೇ ಎಳೆದ. ಅದರಲ್ಲಿ ಬಂದದ್ದು ಕಪ್ಪು ಹೆಂಟೆ. ಅಮ್ಮ ಒಂದನ್ನು ತೆಗೆದುಕೊಂಡು ಮುರಿದಳು. ಒಳಗೆ ಕಾಳುಗಳು ಒಂದಕ್ಕೊಂದು ಅಂಟಿ, ಸಣ್ಣ ಬಿಳಿ ಮೊಳಕೆ ಬಿಟ್ಟು ಕೊಳೆತಿದ್ದವು. ಅವಳು ಅದನ್ನು ಮೂಗಿಗೆ ಹಿಡಿದು, ಮತ್ತೆ ಕೊಡದೊಳಗೆ ಮೆಲ್ಲಗೆ ಇಟ್ಟಳು, ಎಸೆಯಲಿಲ್ಲ. "ದನಾನೂ ತಿನ್ನಂಗಿಲ್ಲ ಇದನ್ನ" ಎಂದು ಒಳಗೆ ಹೋದಳು. ಅಜ್ಜ ಕೈಯನ್ನು ಧೋತರಕ್ಕೆ ಒರೆಸಿಕೊಳ್ಳುತ್ತ ನಿಂತ. ಕೈ ಸ್ವಚ್ಛವಾದ ಮೇಲೂ ಒರೆಸಿಕೊಳ್ಳುತ್ತಿದ್ದ.

ಮನೆ ಹಿಂದಿನ ಹೊಲವೂ ಉಳಿಯಲಿಲ್ಲ. ನೆಲದಡಿಯ ನೀರು ಮೇಲೆದ್ದು ಜವಳು ಹಿಡಿದು, ಮೊಣಕಾಲುದ್ದ ಬಂದ ಜೋಳ ಹಳದಿಯಾಗಿ ನಿಂತಲ್ಲೇ ಬತ್ತಿತು. ಅಜ್ಜ ಆ ಹೊಲದ ಮಣ್ಣನ್ನೇ ತಂದು ಹಗೇವು ತುಂಬಿಸಿ ಅಂಗಳ ಸಮ ಮಾಡಿದ. ಮುಂದಿನ ಮಳೆಗಾಲಕ್ಕೆ ಅಲ್ಲಿಯೂ ಭತ್ತ ಹಚ್ಚಿದ. ಅಲ್ಲಿ ಇನ್ನೇನೂ ಬೆಳೆಯುತ್ತಿರಲಿಲ್ಲ. ಅಮ್ಮ ತಡೆಯಲಿಲ್ಲ, ಅಳಲಿಲ್ಲ. ನಾಟಿಯ ಹೆಂಗಸರಿಗೆ ಅನ್ನ ಬಸಿದು ಬುತ್ತಿ ಕಟ್ಟಿದಳು. ಜೋಳದ ಸುಗ್ಗಿ ಬಂದಾಗ ಮಾತ್ರ ಎರಡು ಸೀರೆ ಗಂಟು ಕಟ್ಟಿಕೊಂಡು, "ತಮ್ಮನ ಊರಿಗೆ ಹೋಗಿ ಬರ್ತೀನಿ" ಎಂದು ಹೊರಟುಹೋದಳು.

ಬಹಳ ದಿನವಾದರೂ ಬರಲಿಲ್ಲ. ಒಂದು ರವಿವಾರ ಅಜ್ಜ ಕಾನ್ವೆಂಟಿಗೆ ಬಂದು ನನ್ನನ್ನು ಜೊತೆಗೆ ಕರೆದುಕೊಂಡು ಕುಷ್ಟಗಿ ಕಡೆಯ ಬಸ್ಸು ಹತ್ತಿದ. ಅಮ್ಮ ಮನೆಯಲ್ಲಿರಲಿಲ್ಲ, ಹೊಲದಲ್ಲಿದ್ದಳು. ಕೂಲಿಯ ಹೆಂಗಸರ ಸಾಲಿನಲ್ಲಿ ನಿಂತು, ಸೆರಗನ್ನು ತಲೆಗೆ ಬಿಗಿದು, ಜೋಳ ಕಿತ್ತು ಸಿವುಡು ಕಟ್ಟುತ್ತಿದ್ದಳು. ಊರಿಗೆಲ್ಲ ಭತ್ತ ಕಲಿಸಿದವನ ಹೆಂಡತಿ. ಅವಳ ತಮ್ಮ ನಾಚಿಕೆಯಿಂದ, "ಎಷ್ಟ್ ಹೇಳಿದ್ರೂ ಕೇಳವಲ್ಲಳು ಮಾವಾರ, ನಮ್ಮ ಮಂದಿ ನಗ್ತಾರ" ಎಂದ. ಅಜ್ಜ ಬದುವಿನ ಮೇಲೆ ಕೂತ. ಅಮ್ಮ ಬುತ್ತಿ ಬಿಚ್ಚಿ ರೊಟ್ಟಿ, ಪುಂಡಿಪಲ್ಯ ಅವನ ಮುಂದೆ ಇಟ್ಟಳು. ಅವನು ಕೊನೆಯ ಚೂರಿನವರೆಗೂ ಉಂಡು, ನೀರು ಕುಡಿದು, "ನಡಿ ಮತ್ತ" ಎಂದ.

"ಸುಗ್ಗಿ ಮುಗಿಸಿ ಬರ್ತೀನ್ರಿ" ಎಂದಳು ಅಮ್ಮ. ನನ್ನ ಕೆನ್ನೆ ಸವರಿ ಮತ್ತೆ ಸಾಲಿಗೆ ಹೋಗಿ ಸೇರಿದಳು.

ಆ ವರ್ಷ ಬಂದಳು, ಒಂದು ಚೀಲ ಜೋಳದೊಂದಿಗೆ. ಆಮೇಲೆ ವರ್ಷದಿಂದ ವರ್ಷಕ್ಕೆ ಅಲ್ಲಿಯೇ ಹೆಚ್ಚು ದಿನ ಉಳಿದಳು. ಒಂದು ಸುಗ್ಗಿ ಮುಗಿದರೂ ಬರಲಿಲ್ಲ, ತವರಿನ ಹೊಲದಲ್ಲೇ ಅವಳನ್ನು ಮಣ್ಣು ಮಾಡಿದರು. ಅಜ್ಜ ಹೋದ, ಮನೆಯೂ ಹೋಯಿತು. ಅದಿದ್ದ ಜಾಗದಲ್ಲಿ ಈಗ ಯಾರದೋ ಗದ್ದೆ ಇದೆ, ಚೆನ್ನಾಗಿ ಬೆಳೆಯುತ್ತದೆ. ಇವನ್ನೆಲ್ಲ ಹೇಳುವಾಗ ನನಗೆ ಅಳು ಬರುವುದಿಲ್ಲ. ಕಣ್ಣ ಮುಂದೆ ಬರುವುದು ಆ ರವಿವಾರ ತಿರುಗಿ ಬಂದ ಬಸ್ಸು. ಮುಂದಿನ ಸೀಟಿನ ಒಬ್ಬಾತ ಹೊರಳಿ ಅಜ್ಜನ ಗುರುತು ಹಿಡಿದ. "ಮೊದಲ ನೆಲ್ಲು ಹಚ್ಚಿದೋರು ನೀವ ಅಲ್ಲೇನ್ರಿ ಅಜ್ಜಾರ? ನಮ್ಮ ಹೊಲಕ್ಕೂ ಕಾಲುವಿ ನೀರು ಬರ್ತೈತಂತ. ಎರಿ ಭೂಮಿಗೆ ನೆಲ್ಲು ಆಗ್ತೈತೇನ್ರಿ?"

ಅಜ್ಜ ಕಿಟಕಿಯ ಕಡೆ ನೋಡಿದ. "ಆಗ್ತೈತಿ. ಛಲೋ ಆಗ್ತೈತಿ" ಎಂದ. ಆಮೇಲೆ ಆತನ ಕಡೆ ಹೊರಳಿ, "ಮೊದಲ ಮನಿಯಾಕಿನ ಒಂದ್ ಮಾತು ಕೇಳು" ಎಂದ.

"ಆಕಿಗೇನ್ ತಿಳಿತೈತ್ರಿ ನೀರಿಂದು" ಎಂದು ಆತ ನಕ್ಕ. ಅಕ್ಕಪಕ್ಕದವರೂ ನಕ್ಕರು. ಅಜ್ಜ ನಗಲಿಲ್ಲ, ಬಿಡಿಸಿಯೂ ಹೇಳಲಿಲ್ಲ. ಆತ ಮತ್ತೆ ಮತ್ತೆ ಕೇಳಿದ್ದಕ್ಕೆ, ಮಡಿ ಹೇಗೆ ಕಟ್ಟಬೇಕು, ನೀರು ಎಷ್ಟು ನಿಲ್ಲಿಸಬೇಕು ಎಂಬುದನ್ನೆಲ್ಲ ಗಂಗಾವತಿ ಬರುವವರೆಗೂ ಹೇಳುತ್ತಲೇ ಇದ್ದ.