ಮೋಡವಿಲ್ಲದ ದಿನದ ಮಳೆ

ಕೆಂಪು ಪೆನ್ಸಿಲ್ಲಿನ ನಾಲ್ಕು ಸುತ್ತುಗಳು. ನಾಲ್ಕು ಬೇರೆ ಬೇರೆ ವರ್ಷದ ರಿಜಿಸ್ಟರುಗಳಲ್ಲಿ, ನಾಲ್ಕು ಬೇರೆ ಬೇರೆ ತಾರೀಖುಗಳ ಮೇಲೆ. ಶನಿವಾರ ಬೆಳಗ್ಗೆ ಆಫೀಸಿನ ಬೀಗ ತೆಗೆದು ಒಳಗೆ ಹೋದವಳಿಗೆ ಮೇಜಿನ ಮೇಲೆ ಬಿಚ್ಚಿಟ್ಟಿದ್ದ ಆ ಪುಟಗಳು ಕಂಡವು. ಆಫೀಸಿನವರೆಲ್ಲ ಯಜಮಾನರು ಎಂದು ಕರೆಯುತ್ತಿದ್ದ ನಮ್ಮ ಹಿರಿಯರು ತಾವು ಬರೆದ ಪುಟದ ಮೇಲೆ ಇನ್ನೊಬ್ಬರ ಬೆರಳಿನ ಗುರುತು ಬಿದ್ದರೂ ಸಹಿಸದವರು. ಇದನ್ನು ನೋಡಿದರೆ ಏನಾಗುತ್ತದೋ ಎಂದುಕೊಂಡೆ.

ಎಂಬತ್ತರ ದಶಕ ಆಗಷ್ಟೇ ಶುರುವಾಗಿದ್ದ ಕಾಲ. ಬ್ಯಾಟರಾಯನಪುರ ದಾಟಿ ಯಲಹಂಕದ ಕಡೆ ಹೋಗುವ ರಸ್ತೆಯ ಪಕ್ಕ ಸರ್ಕಾರದ ಒಂದು ಸಣ್ಣ ಸಸಿತೋಟ. ಅದರ ಮೂಲೆಯಲ್ಲಿ ತಂತಿಬೇಲಿ ಹಾಕಿದ ಒಂದು ತುಂಡು ಹುಲ್ಲುನೆಲ. ಅಲ್ಲಿ ನಾಲ್ಕು ಕಾಲಿನ ಮೇಲೆ ನಿಂತ ಬಿಳಿಯ ಮರದ ಪೆಟ್ಟಿಗೆ, ಅದರೊಳಗೆ ಥರ್ಮಾಮೀಟರುಗಳು. ಸ್ವಲ್ಪ ಆಚೆ ಸಿಮೆಂಟು ಕಟ್ಟೆಯಲ್ಲಿ ಕೂರಿಸಿದ ಮಳೆಮಾಪಕ. ಮೇಲೆ ಬಾಯಿ ತೆರೆದ ಆಲಿಕೆ, ಕೆಳಗೆ ನೀರು ಇಳಿದು ಸೇರುವ ಬಾಟಲಿ. ದಿನಾ ಬೆಳಗ್ಗೆ ಎಂಟೂವರೆಗೆ ಆ ನೀರನ್ನು ಅಳತೆಗಾಜಿಗೆ ಸುರಿದು ನೋಡಿ ಬರೆಯಬೇಕು. ಹಿಂದಿನ ದಿನದ ಎಂಟೂವರೆಯಿಂದ ಅಲ್ಲಿಯವರೆಗೆ ಬಿದ್ದ ಮಳೆಯ ಲೆಕ್ಕ ಅದು.

ಇಪ್ಪತ್ತು ವರ್ಷಕ್ಕೂ ಮೇಲೆ ಹಾಗೆ ಬರೆದುಕೊಂಡು ಬಂದವರು ಯಜಮಾನರು. ಹೆಸರು ಬೇರೆ ಇತ್ತು, ಕರೆಯುತ್ತಿದ್ದವರು ಯಾರೂ ಇರಲಿಲ್ಲ. ಚಿಕ್ಕಜಾಲದಿಂದ ಸೈಕಲ್ಲು ತುಳಿದುಕೊಂಡು ಬರುವರು. ಭಾನುವಾರವಾಗಲಿ ಯುಗಾದಿಯಾಗಲಿ, ಎಂಟೂವರೆಗೆ ಅವರು ಆ ಕಟ್ಟೆಯ ಹತ್ತಿರ. ಮಗಳ ಮದುವೆಯ ದಿನವೂ ರೇಷ್ಮೆ ಪಂಚೆಯಲ್ಲೇ ಬಂದು, "ಧಾರೆ ಅತ್ತೂವರೆಗೈತೆ ಬುಡು, ಇನ್ನೂ ಒತ್ತೈತೆ" ಎಂದು ಬರೆದು ಹೋದವರು. ನಾನು ಆರ್.ಟಿ. ನಗರದಿಂದ ಎರಡು ಬಸ್ಸು ಹತ್ತಿ ಬರುತ್ತಿದ್ದ ಸಹಾಯಕಿ. ಸೇರಿ ಆರು ವರ್ಷವಾಗಿತ್ತು. ರಜೆಯ ದಿನ ನಾನು ಬರಬೇಕಾಗಿರಲಿಲ್ಲ. ಯಜಮಾನರಿಗೆ ನಿವೃತ್ತಿಗೆ ಇನ್ನು ಹತ್ತೇ ದಿನವಿತ್ತು.

ಆ ಕೆಂಪು ಸುತ್ತು ಹಾಕಿದವರು ಧಾರವಾಡದ ಕಡೆಯಿಂದ ಬಂದಿದ್ದ ಸಂಶೋಧಕರು. ಒಂದು ತಿಂಗಳಿಂದ ನಮ್ಮಲ್ಲೇ ಕೂತು ಹಳೆಯ ರಿಜಿಸ್ಟರುಗಳನ್ನೆಲ್ಲ ನಕಲು ಮಾಡಿಕೊಳ್ಳುತ್ತಿದ್ದರು. ಈ ಭಾಗದ ಹವೆ ಬದಲಾಗುತ್ತಿದೆಯೇ, ಬದಲಾಗುತ್ತಿದ್ದರೆ ಬಿತ್ತನೆಯ ಕಾಲ, ಕೆರೆ, ಮರಗಳ ವಿಷಯದಲ್ಲಿ ಸರ್ಕಾರ ಏನು ಮಾಡಬೇಕು ಎಂದು ವರದಿ ಬರೆಯುವುದು ಅವರ ಕೆಲಸ. ಬಂದ ಮೊದಲ ದಿನವೇ ಯಜಮಾನರು ಅವರನ್ನು ಕೇಳಿದ್ದರು.

"ಅವೆ ಬದಲಾಗೋದು ಅಂದ್ರೆ ಎಂಗೆ ಸ್ವಾಮಿ? ಬಿಸ್ಲು ಬಿಸ್ಲೇ, ಮಳೆ ಮಳೇನೇ ಅಲ್ವರಾ?"

"ಇದ್ದಲು ಸುಡ್ತೀವಿ, ಪೆಟ್ರೋಲು ಸುಡ್ತೀವಿ. ಅದರಿಂದ ಕಣ್ಣಿಗೆ ಕಾಣದ ಒಂದು ಅನಿಲ ಮ್ಯಾಲೆ ಹೋಗಿ ಕಂಬಳಿ ಹೊಚ್ಚಿದಂಗ ಕುಂದರತೈತ್ರಿ. ಭೂಮಿಯ ಬಿಸಿ ರಾತ್ರಿ ಹೊರಗ ಹೋಗಾಕ ಸರಿಯಾಗಿ ಬಿಡಂಗಿಲ್ಲ."

"ಅಂಗಾದ್ರೆ ರಾತ್ರಿ ಚಳಿ ಕಮ್ಮಿ ಆಗ್ಬೇಕು."

"ಅದನ್ನ ನಿಮ್ಮ ರಿಜಿಸ್ಟರ್ ಹೇಳಬೇಕ್ರಿ ಯಜಮಾನ್ರ. ಇಷ್ಟು ವರ್ಷ ಒಂದ ಜಾಗಾದಾಗ, ಒಂದ ಕೈಲೆ ಬರದದ್ದು ಎಲ್ಲೂ ಸಿಗಂಗಿಲ್ಲ."

ಆ ಮಾತಿಗೆ ನಮ್ಮ ಯಜಮಾನರು ವಾರಗಟ್ಟಲೆ ನೆಲದ ಮೇಲೆ ನಡೆಯಲಿಲ್ಲ. ಹುಲ್ಲು ಕತ್ತರಿಸುವ ಚಾಚಾನನ್ನು ಕರೆದು, "ಒಸಿ ನೋಡ್ಕೊಂಡು ಕತ್ರಿಸಪ್ಪಾ, ಇದು ಸರ್ಕಾರದ ವರದಿಗೋಗೋ ಉಲ್ಲು" ಎನ್ನುವಷ್ಟಕ್ಕೆ ಹೋಗಿದ್ದರು. ಚಾಚಾ ಕುಡುಗೋಲು ಎತ್ತಿ ಸಲಾಂ ಹೊಡೆದು, "ಜೀ ಹುಜೂರ್, ಹುಲ್ಲಿಗೂ ಪ್ರಮೋಶನ್ ಆಯ್ತು" ಎಂದಿದ್ದ.

ಆ ಶನಿವಾರ ಸಂಶೋಧಕರು ಒಳಗೆ ಬಂದಾಗ ಮುಖದಲ್ಲಿ ನಗು ಇರಲಿಲ್ಲ. ಯಜಮಾನರನ್ನು ಕೂರಿಸಿ ನಾಲ್ಕು ಪುಟಗಳನ್ನೂ ಮುಂದೆ ಸರಿಸಿದರು.

"ಈ ನಾಕೂ ದಿನ, ಅದರ ಹಿಂದಿನ ದಿನಾನೂ, ಮೋಡದ ಕಾಲಮಿನಾಗ ಸೊನ್ನಿ ಹಾಕೀರಿ. ಮಳಿ ಕಾಲಮಿನಾಗ ಮಳಿ ಬರದೀರಿ. ಸುತ್ತಮುತ್ತ ಯಾವ ಕೇಂದ್ರದಾಗೂ ಅವತ್ತ ಹನಿ ಬಿದ್ದಿಲ್ಲ. ಮೋಡ ಇಲ್ದ ಮಳಿ ಹೆಂಗ ಬಂತ್ರಿ?"

ಯಜಮಾನರು ಕನ್ನಡಕ ಸರಿಮಾಡಿಕೊಂಡು ಪುಟ ನೋಡಿದರು. "ನೀರಿತ್ತು ಸ್ವಾಮಿ. ಅದ್ಕೆ ಬರ್ದಿವ್ನಿ."

"ಎಲ್ಲಿಂದ ಬಂತು?"

"ಅದು ಗೊತ್ತಿಲ್ಲ. ಇತ್ತು."

"ಗೊತ್ತಿಲ್ಲ ಅಂದ್ರ ನಾ ಏನಂತ ತಿಳಕೋಬೇಕ್ರಿ? ಮನ್ಯಾಗ ಕುಂತು ಬರದೀರಿ ಅಂತ ತಿಳಕೊಳ್ಳಲ್ಯಾ? ನಾಕ ದಿನ ಹಂಗ ಬರದಿದ್ರ ಉಳದದ್ದನ್ನ ಹೆಂಗ ನಂಬಲಿ? ಈ ಕೇಂದ್ರದ್ದು ಪೂರ್ತಿ ಬಿಡಬೇಕಾಗ್ತೈತಿ."

ಪಕ್ಕದ ಕೋಣೆಯಿಂದ ನಮ್ಮ ಮೇಲಧಿಕಾರಿ ಸೆಕ್ಷನ್ ಸಾಹೇಬರು ಎದ್ದು ಬಂದರು. ಕೂತಿದ್ದ ಯಜಮಾನರನ್ನು ನಿಂತೇ ನೋಡುತ್ತಾ, "ಸೋಮವಾರ ಬೆಳಗ್ಗೆ ರೈಟಿಂಗ್‌ನಲ್ಲಿ ವಿವರಣೆ ಕೊಡಿ. ರಿಟೈರ್ ಆಗೋ ಟೈಮಲ್ಲಿ ಇದೆಲ್ಲ ಬೇಕಿತ್ತೇನ್ರೀ?" ಎಂದರು. ಯಜಮಾನರು ಎದ್ದು ಹೊರಟರು. ಸೈಕಲ್ಲನ್ನು ಹತ್ತದೆ ತಳ್ಳಿಕೊಂಡೇ ಗೇಟು ದಾಟಿದರು.

ನಾಲ್ಕು ತಾರೀಖುಗಳನ್ನು ನಾನು ಚೀಟಿಯಲ್ಲಿ ಗುರುತು ಹಾಕಿಕೊಂಡಿದ್ದೆ. ಎಲ್ಲವೂ ಮಳೆಗಾಲ ಮುಗಿಯುವ ಹೊತ್ತಿನವು, ಆದರೆ ಒಂದಕ್ಕೊಂದು ತಾಳೆಯಿಲ್ಲ. ಒಂದು ಸೆಪ್ಟೆಂಬರ್ ಕೊನೆ, ಒಂದು ಅಕ್ಟೋಬರ್ ನಡುಮಧ್ಯ. ಒಂದು ವಿಷಯ ಮಾತ್ರ ಬಸ್ಸಿನ ದಾರಿಯುದ್ದಕ್ಕೂ ಮನಸ್ಸಿನಲ್ಲಿ ಕುಟುಕುತ್ತಿತ್ತು. ನಾಲ್ಕೂ ನಾನು ಕೆಲಸಕ್ಕೆ ಸೇರಿದ ಮೇಲಿನವು. ಅದಕ್ಕೆ ಮುಂಚಿನ ಅಷ್ಟೂ ವರ್ಷಗಳಲ್ಲಿ ಒಂದೂ ಇಲ್ಲ.

ನಮ್ಮ ಅತ್ತೆಯವರು ಹಳೆಯ ಪಂಚಾಂಗಗಳನ್ನು ಎಸೆಯುವವರಲ್ಲ, ದೇವರ ಗೂಡಿನ ಮೇಲಿನ ಅಟ್ಟದಲ್ಲಿ ಕಟ್ಟಿಡುವರು. ಸಂಜೆ ದೀಪ ಹಚ್ಚಿ ಆದಮೇಲೆ ಸ್ಟೂಲು ಹಾಕಿಕೊಂಡು ಆ ಕಟ್ಟು ಇಳಿಸಿದೆ. "ಯಾರ ಮುಹೂರ್ತ ನೋಡ್ತಾ ಇದೀಯೇ?" ಎಂದು ಅತ್ತೆ ಕೇಳುತ್ತಲೇ ಇದ್ದರು. ಮೊದಲನೆಯ ತಾರೀಖು: ವಿಜಯದಶಮಿ. ಎರಡನೆಯದು: ವಿಜಯದಶಮಿ. ಮೂರನೆಯದೂ ನಾಲ್ಕನೆಯದೂ ಅದೇ.

ವಿಜಯದಶಮಿಯ ಬೆಳಗಿನ ಲೆಕ್ಕವೆಂದರೆ ಹಿಂದಿನ ದಿನದ್ದು. ಹಿಂದಿನ ದಿನ ಆಯುಧಪೂಜೆ.

ಆಯುಧಪೂಜೆಗೆ ನಮ್ಮ ತೋಟದಲ್ಲಿ ಟೈಪ್‌ರೈಟರಿಗೆ, ಸೈಕಲ್ಲುಗಳಿಗೆ, ಚಾಚಾನ ಕುಡುಗೋಲಿಗೆ, ಎಲ್ಲಕ್ಕೂ ಕುಂಕುಮ ಸೇವಂತಿಗೆ. ಬಿಳಿ ಪೆಟ್ಟಿಗೆಗೆ ಮಾತ್ರ ಯಜಮಾನರು ಬಾಗಿಲ ಹೊರಗೆ ಒಂದೇ ಬೊಟ್ಟು ಇಡಲು ಬಿಡುವರು. ಮಳೆಮಾಪಕಕ್ಕೆ ಅದೂ ಇಲ್ಲ, ಕಟ್ಟೆಗೊಂದು ಹೂವು, ಅಷ್ಟೇ. ಇದು ನನಗೆ ಸರಿ ಕಾಣುತ್ತಿರಲಿಲ್ಲ. ಅಟ್ಟೂರಿನ ನಮ್ಮ ಅಜ್ಜಿ ಪ್ರತಿ ಆಯುಧಪೂಜೆಗೆ ಹಿತ್ತಲ ಬಾವಿಗೆ ತೆಂಗಿನಕಾಯಿ ನೀರು ಬಿಡುತ್ತಿದ್ದಳು. "ವರ್ಷೆಲ್ಲ ನಮಗ್ ಕುಡ್ಸೋಳಿಗೆ ಒಂದಿನ ನಾವ್ ಕುಡಿಸ್ಬಾರ್ದೇನೇ?" ಎನ್ನುವಳು. ನಮ್ಮ ಪ್ರಾಂತ್ಯಕ್ಕೆಲ್ಲ ಮಳೆ ಅಳೆಯುವ ಆ ಬಾಯಿ ಒಣಗಿಕೊಂಡು ನಿಂತಿರುವುದನ್ನು ನೋಡಿ, ಎಲ್ಲರೂ ಪ್ರಸಾದಕ್ಕೆ ಹೋದ ಮೇಲೆ ನಾನೊಬ್ಬಳೇ ಹೋಗಿ ಪೂಜೆಯ ಪುಟ್ಟ ಚಮಚದಲ್ಲಿ ಒಂದು ಉದ್ಧರಣೆ ತೆಂಗಿನಕಾಯಿ ನೀರನ್ನು ಆಲಿಕೆಗೆ ಬಿಟ್ಟು ಬರುತ್ತಿದ್ದೆ. ಪ್ರತಿ ವರ್ಷ. ಒಂದು ಉದ್ಧರಣೆ ನೀರು, ಬಿಸಿಲಿಗೆ ಆರಿಹೋಗುತ್ತದೆ ಎಂದುಕೊಂಡಿದ್ದೆ. ಮಳೆಮಾಪಕವನ್ನು ಮಾಡಿರುವುದೇ ಒಳಗಿಳಿದ ನೀರು ಆರದ ಹಾಗೆ! ದಿನಾ ಅದನ್ನು ನೋಡುವವಳಿಗೆ ಅಷ್ಟೂ ಹೊಳೆಯಲಿಲ್ಲ. ಆರರಲ್ಲಿ ಎರಡು ವರ್ಷ ಹಬ್ಬದ ದಿನ ನಿಜವಾದ ಮಳೆಯೇ ಬಂದು ನನ್ನ ಉದ್ಧರಣೆಯನ್ನು ಮುಚ್ಚಿಹಾಕಿತ್ತು. ಉಳಿದ ನಾಲ್ಕು ವರ್ಷ, ರಜೆಯ ಬೆಳಗ್ಗೆ ಒಬ್ಬರೇ ಬಂದ ಯಜಮಾನರು, ನಿಚ್ಚಳ ಆಕಾಶದ ಕೆಳಗೆ, ಅದನ್ನು ಮಳೆ ಎಂದು ಬರೆದಿದ್ದರು.

ಹೇಳಿದರೆ ನನ್ನ ಕೆಲಸಕ್ಕೆ ಕುತ್ತು. ಸರ್ಕಾರದ ಉಪಕರಣ ಕೆಡಿಸಿದವಳು ಎಂದೇ ಆಗುತ್ತದೆ. ಹೇಳದಿದ್ದರೆ ಯಜಮಾನರು ಸುಳ್ಳುಗಾರರಾಗಿ ಮನೆಗೆ ಹೋಗುತ್ತಾರೆ.

ಭಾನುವಾರ ಬೆಳಗ್ಗೆ ಮೊದಲ ಬಸ್ಸು ಹಿಡಿದೆ. ಎಂಟೂಕಾಲಿಗೆ ತೋಟದಲ್ಲಿದ್ದೆ. ಯಜಮಾನರು ಬೇಲಿಯೊಳಗೆ ಗಡಿಯಾರ ನೋಡುತ್ತಾ ನಿಂತಿದ್ದರು.

"ಏನ್ ತಾಯಿ, ರಜದಲ್ಲಿ?"

ನಿಂತಲ್ಲೇ ಎಲ್ಲವನ್ನೂ ಹೇಳಿಬಿಟ್ಟೆ. ಕ್ಷಮಿಸಿ ಎನ್ನುವಷ್ಟರಲ್ಲಿ ಅವರು ಕೈ ಎತ್ತಿ ತಡೆದರು. ಎಂಟೂವರೆಯಾಗಿತ್ತು. ಬಾಟಲಿ ತೆಗೆದರು, ಗಾಜಿಗೆ ಬಗ್ಗಿಸಿದರು, ಸೊನ್ನೆ ಬರೆದರು. ಪೆಟ್ಟಿಗೆಯ ಬಾಗಿಲು ತೆರೆದು ಥರ್ಮಾಮೀಟರು ಓದಿದರು, ಬರೆದರು. ಆ ಐದು ನಿಮಿಷ ನಾನು ಬೇಲಿಯ ತಂತಿ ಹಿಡಿದು ಕಾದೆ.

"ಮೊದ್ಲನೇ ಸಲ ನನ್ ಕಣ್ಣೇ ಮಂಜಾಯ್ತೇನೋ ಅಂದ್ಕಂಡೆ ಕಣಮ್ಮಾ," ಎಂದರು ಕೊನೆಗೆ. "ಯಶವಂತಪುರುಕ್ಕೋಗಿ ಕನ್ನಡಕ ಬದಲಾಯ್ಸ್‌ಕಂಡ್ ಬಂದೆ. ಮಾರನೇ ವರ್ಸಾನೂ ಅಂಗೇ ಆಯ್ತು. ಒಸ ಕನ್ನಡಕದಾಗೂ ನೀರೇ ಕಾಣ್ತು!"

"ಬಯ್ದುಬಿಡಿ ಯಜಮಾನ್ರೇ."

"ಬಯ್ಯಕ್ಕೇನೈತೆ." ಅವರ ದನಿ ಗಟ್ಟಿಯಾಯಿತು. "ನೀನು ಬಾಯ್ ಬಿಡ್ಬೇಡ. ಲೆಕ್ಕ ತಪ್ಪಾಗಿ ಓದ್ದೆ ಅಂತ ನಾನೇ ಬರ್ಕೊಡ್ತೀನಿ. ನಂದು ಇನ್ನತ್ತು ದಿನ. ನಿಂಗೆ ಇನ್ನೂ ಕೆಲ್ಸ ಐತೆ, ಮನೆ ಐತೆ."

"ಹಾಗೆ ಬರೆದರೆ ಇಷ್ಟು ವರ್ಷದ್ದೆಲ್ಲ ಕಸಕ್ಕೆ ಹಾಕ್ತಾರಲ್ಲ!"

"ಆಕ್ಲಿ," ಎಂದರು. ಆದರೆ ನನ್ನ ಮುಖ ನೋಡಿ ಹೇಳಲಿಲ್ಲ.

ಸೋಮವಾರ ಹತ್ತು ಗಂಟೆಗೆ ಸೆಕ್ಷನ್ ಸಾಹೇಬರ ಕೋಣೆ. ಸಂಶೋಧಕರು ಕಿಟಕಿಯ ಪಕ್ಕ ಕೂತಿದ್ದರು. ಯಜಮಾನರು ಜೇಬಿನಿಂದ ಮಡಿಸಿದ ಹಾಳೆ ತೆಗೆದು ಮೇಜಿನ ಮೇಲಿಟ್ಟರು. ಸಾಹೇಬರು ಬಿಚ್ಚುವ ಮೊದಲೇ ನಾನು ಒಳಗೆ ಹೋದೆ.

"ಅದು ಸುಳ್ಳು ಸಾರ್. ಆ ನೀರು ಹಾಕಿದ್ದು ನಾನು."

"ಏನ್ರೀ ಅದು, ಯಾವ ನೀರು?"

"ತೆಂಗಿನಕಾಯಿ ನೀರು ಸಾರ್."

ಸಾಹೇಬರ ಪೆನ್ನು ಕೈಯಲ್ಲೇ ನಿಂತಿತು. ಹಿಂದಿನಿಂದ ಯಜಮಾನರು, "ಸುಮ್ಕಿರಮ್ಮಾ" ಎಂದು ಗದರಿದರು. ನಾನು ನಿಲ್ಲಿಸಲಿಲ್ಲ. ಪಂಚಾಂಗದ ವಿಷಯ, ಹಬ್ಬದ ವಿಷಯ ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದೆ.

ಸಂಶೋಧಕರಿಗೆ ನಂಬಿಕೆ ಬರಲಿಲ್ಲ. "ಯಜಮಾನ್ರನ್ನ ಉಳಸಾಕ ನೀವು ಕಥಿ ಕಟ್ಟಿರಬಹುದಲ್ರಿ ಬಾಯಾರ? ಹಬ್ಬದ ತಾರೀಖು ಯಾರರ ಹುಡುಕಬಹುದು. ಅವತ್ತಿಂದು ಏನರ ಸಾಕ್ಷಿ ಐತೇನು?"

ಸಾಕ್ಷಿ ಎಲ್ಲಿಂದ ತರಲಿ? ಯಜಮಾನರೇ ಮೆಲ್ಲಗೆ ಮುಂದೆ ಬಂದು ಸಾಹೇಬರ ಮೇಜಿನ ಮೇಲಿದ್ದ ರಿಜಿಸ್ಟರಿನ ಬಲಗಡೆಯ ಅಂಚಿಗೆ ಬೆರಳು ಇಟ್ಟರು. ಅಲ್ಲಿ ಷರಾ, ಅಂದರೆ ಟಿಪ್ಪಣಿ, ಬರೆಯುವ ಕಾಲಂ ಇತ್ತು. ಸಂಶೋಧಕರು ಅಂಕಿಗಳನ್ನಷ್ಟೇ ನಕಲು ಮಾಡಿಕೊಂಡಿದ್ದವರು, ಅದನ್ನು ಓದಿರಲಿಲ್ಲ. ಯಜಮಾನರ ದುಂಡನೆಯ ಅಕ್ಷರ: "ಆಲಿಕೆಯಲ್ಲಿ ಇರುವೆ. ಒರೆಸಿದೆ." ಇನ್ನೊಂದು ವರ್ಷದ ಪುಟ: "ಆಲಿಕೆಯಲ್ಲಿ ಇರುವೆ." ಮತ್ತೊಂದು: "ಇರುವೆ ಬಹಳ." ನಾಲ್ಕೂ ಕಡೆ. ಬೇರೆ ಯಾವ ಪುಟದಲ್ಲೂ ಇರುವೆಯ ಮಾತಿಲ್ಲ. ಸಂಶೋಧಕರು ಒಂದೊಂದೇ ರಿಜಿಸ್ಟರು ತಿರುವುತ್ತಾ ಹೋದರು.

"ಮಳಿ ನೀರಿಗೆ ಇರಿವಿ ಮುತ್ತಂಗಿಲ್ಲ," ಎಂದರು ಕಡೆಗೆ, ತಮಗೇ ಹೇಳಿಕೊಂಡಂತೆ. "ಒಂದು ಕಾಯಿ ತರಸ್ರಿ."

ಕಾಯಿ ತಂದ ಚಾಚಾ, "ಇವತ್ತು ಯಾವ ಹಬ್ಬ ಸಾಬ್? ನಂಗೆ ಅರ್ಧ ಹೋಳು ಬರ್ಬೇಕು" ಎಂದು ಕೇಳಿದ. ಎಲ್ಲರೂ ಮಳೆಮಾಪಕದ ಬಳಿ ಹೋದೆವು. ಆಫೀಸಿನ ದೇವರ ಪಟದ ಮುಂದಿದ್ದ ಅದೇ ಉದ್ಧರಣೆಯಿಂದ ನಾನು ಆಲಿಕೆಗೆ ನೀರು ಬಿಟ್ಟೆ. ಸಂಶೋಧಕರು ಮಂಡಿಯೂರಿ ಬಾಟಲಿ ತೆಗೆದು ಗಾಜಿಗೆ ಸುರಿದು, ಕಣ್ಣಿನ ಮಟ್ಟಕ್ಕೆ ಹಿಡಿದು ಓದಿದರು. ಮತ್ತೊಮ್ಮೆ ಸುರಿದು ಓದಿದರು. ನಾಲ್ಕು ಪುಟಗಳ ಅಂಕಿಗಳೂ ಅದರ ಆಸುಪಾಸಿನವೇ.

ಎದ್ದು ಮಂಡಿಯ ಮಣ್ಣು ಒರೆಸಿಕೊಂಡು ಸಾಹೇಬರ ಕಡೆ ತಿರುಗಿದರು. "ಮೋಡ ಇಲ್ಲ ಅಂತ ಬರದು ಬಾಜೂಕ ನೀರು ಐತಿ ಅಂತ ಬರದಾರ. ಸುಳ್ಳು ಬರಿಯಾವ್ರು ಆಗಿದ್ರ ಎರಡನ್ನೂ ಹೊಂದಿಸಿ ಬರೀತಿದ್ರು. ತಮಗ ತಿಳೀಲಾರದ್ದನ್ನೂ ಇದ್ದಂಗ ಬರದಾರಲ್ಲ, ಇವರ ಥರ್ಮಾಮೀಟರಿನ ಅಂಕಿ ನಾ ಒಂದೂ ಬಿಡಂಗಿಲ್ರಿ. ಎಲ್ಲಾ ವರದಿಗೆ ಹೋಗ್ತಾವು."

ನನಗೆ ಕಣ್ಣು ತುಂಬಿಬಂತು. ಯಜಮಾನರ ಮುಖದಲ್ಲಿ ಮಾತ್ರ ನಾನು ಕಾದಿದ್ದ ಬೆಳಕು ಬರಲಿಲ್ಲ.

"ಅಂಗಾದ್ರೆ ನಮ್ ಪುಸ್ತಕ ಏನೇಳ್ತೈತೆ ಸ್ವಾಮಿ?"

ಸಂಶೋಧಕರು ಅಳತೆಗಾಜನ್ನು ಕಟ್ಟೆಯ ಮೇಲಿಟ್ಟರು. "ರಾತ್ರಿ ಚಳಿ ಕಡಿಮಿ ಆಗಾಕ ಹತ್ತೈತ್ರಿ. ಒಂದ ವರ್ಷ ಮ್ಯಾಲೆ, ಒಂದ ವರ್ಷ ಕೆಳಗ, ಆದ್ರ ಒಟ್ಟಿನಾಗ ಏರಾಕ ಹತ್ತೈತಿ. ಅದರಾಗ ಬೆಂಗಳೂರು ಬೆಳದು ಬಂದದ್ದರಿಂದ ಎಷ್ಟು, ಮ್ಯಾಲಿನ ಕಂಬಳಿಯಿಂದ ಎಷ್ಟು ಅಂತ ಇಷ್ಟರಿಂದ ಹೇಳಾಕ ಬರಂಗಿಲ್ಲ. ಇನ್ನೂ ಬಾಳ ವರ್ಷ ಬರೀಬೇಕು."

"ನಂದು ತಪ್ಪಿರಾಕಿಲ್ವಾ ಅದು?"

"ನಿಮ್ಮದು ತಪ್ಪಿಲ್ಲ."

ಯಜಮಾನರು ತೋಟದ ಸಾಲುಸಾಲು ಸಸಿಗಳನ್ನು ನೋಡುತ್ತಾ ನಿಂತರು. "ತಪ್ಪಾಗಿದ್ರೇ ಚೆನ್ನಾಗಿತ್ತು," ಎಂದರು. "ನಾನೊಬ್ಬ ಸುಳ್ಳ ಅನ್ನಿಸ್ಕಂಡ್ ಓಗಿರ್ತಿದ್ದೆ, ಅಷ್ಟೇಯ."

ಸಾಹೇಬರು ನನಗೆ ಎಚ್ಚರಿಕೆಯ ಪತ್ರ ಕೊಟ್ಟರು, ಕೊಡಬೇಕಾದ್ದೇ. ನಾಲ್ಕು ಅಂಕಿಗಳನ್ನು ಹೊಡೆದುಹಾಕಿ ಸಹಿ ಮಾಡಿ ಎಂದು ಯಜಮಾನರಿಗೆ ಹೇಳಿದಾಗ ಅವರು ಒಪ್ಪಲಿಲ್ಲ. ನೀರು ಇದ್ದದ್ದು ನಿಜ, ಬರೆದದ್ದು ನಿಜ, ಹೊಡೆದುಹಾಕುವುದಿಲ್ಲ ಎಂದರು. ಕೊನೆಗೆ ಷರಾ ಕಾಲಮಿನಲ್ಲಿ ಇರುವೆಯ ಕೆಳಗೆ ಉಳಿದಿದ್ದ ಜಾಗದಲ್ಲಿ ನಾನು ಬರೆದೆ: "ಇದು ಮಳೆಯಲ್ಲ. ಪೂಜೆಯ ತೆಂಗಿನಕಾಯಿ ನೀರು. ಹಾಕಿದವಳು ನಾನು." ನಾಲ್ಕು ಪುಟಗಳಲ್ಲೂ ಬರೆದೆ. ಯಜಮಾನರು ಪಕ್ಕದಲ್ಲಿ ಬಗ್ಗಿ ನಿಂತು ಒಂದೊಂದು ಅಕ್ಷರವನ್ನೂ ನೋಡುತ್ತಿದ್ದರು.

"ಸಹಿ ಆಕು," ಎಂದರು. ಹಾಕಿದೆ.

"ಇವತ್ತಿನ್ ತಾರೀಖು?"